ಬೀರವ್ವನ ಸಾಲಿಯ ಸಾಯನ್ಸ್ ಮಾಸ್ತರು

ಹನ್ನೊಂದಕ್ಕೆ ಸಾಲಿಗೆ ಹೋದ ಮಗಳು ಎರಡಕ್ಕೇ ತಿರುಗಿ ಬಂದದ್ದನ್ನು ಕಂಡು ಹುಲಿಗೆವ್ವ ಮೊದಲು ಅವಳ ಹಣೆ ಮುಟ್ಟಿ ನೋಡಿದಳು. ಹಣೆ ತಣ್ಣಗಿತ್ತು.

"ಜ್ವರಿಲ್ಲ ಏನಿಲ್ಲ. ಮತ್ತ ಯಾಕ ಬಂದಿ?"

"ಸಾಯನ್ಸ್ ತಾಸು ಇಲ್ಲವ್ವಾ. ಯಜ್ಞೇಶ್ವರ ಮಾಸ್ತರನ್ನ ಕೆಲಸದಿಂದ ತಗದಾರ. ಚಿತ್ರಕಲಾ ಮಾಸ್ತರನ್ನೂ ತಗದಾರ. ಎರಡು ವರ್ಗ ಕೂಡಿಸಿ ಒಂದ ಮಾಡ್ಯಾರ, ಕೂಡಾಕ ಬಾಕೂ ಸಾಲೂದಿಲ್ಲ."

ಆ ವಾರದಲ್ಲಿ ಬೀರವ್ವ ಇನ್ನೂ ಎರಡು ಸಲ ಹೀಗೆ ಬೇಗ ಮನೆಗೆ ಬಂದಳು.

ಅದು ೧೯೩೩ನೆಯ ಇಸವಿ. ಹತ್ತಿಯ ಬೆಲೆ ಬಿದ್ದು ಹುಬ್ಬಳ್ಳಿಯ ಪೇಟೆಯೆಲ್ಲ ತಣ್ಣಗಾಗಿದ್ದ ಕಾಲ. ಖರ್ಚು ಇಳಿಸಬೇಕೆಂದು ಸರಕಾರ ಎಲ್ಲ ಖಾತೆಗಳ ಮೇಲೂ ಕತ್ತರಿ ಆಡಿಸುತ್ತಿತ್ತು. ಆ ಕತ್ತರಿ ಬೀರವ್ವ ಕಲಿಯುತ್ತಿದ್ದ ಸರಕಾರಿ ಹಾಯಸ್ಕೂಲಿಗೂ ಬಂದಿತ್ತು.

ಬೀರವ್ವನಿಗೆ ಹದಿನಾಲ್ಕು ವರ್ಷ, ಇಂಗ್ಲಿಷ್ ನಾಲ್ಕನೆಯ ಇಯತ್ತೆ, ಅಂದರೆ ಈಗಿನ ಎಂಟನೆಯ ತರಗತಿ. ವರ್ಗದ ತುಂಬ ಗಂಡುಹುಡುಗರು, ಹೆಣ್ಣುಮಕ್ಕಳು ಮೂವರೇ. ಅವಳ ತಂದೆ ಹೊಳೆಯಪ್ಪ ಶಿರಗುಪ್ಪಿಯವನು. ಮೀಸೆ ಚಿಗುರುವ ಮೊದಲೇ ಹುಬ್ಬಳ್ಳಿಗೆ ಬಂದು ರೈಲ್ವೆ ವರ್ಕಶಾಪಿನಲ್ಲಿ ಸುತ್ತಿಗೆ ಹಿಡಿದವನು ಈಗ ಕುಲುಮೆಯ ದೊಡ್ಡ ಕಮ್ಮಾರನಾಗಿದ್ದ. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಕೂಡಿಸುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಪಟ್ಟಿಯನ್ನು ಕಾಯಿಸಿದರೆ ಅದು ದೊಡ್ಡದಾಗಿ ಗಾಲಿಯ ಮೇಲೆ ಸರಿಯುತ್ತದೆ, ಆರಿದರೆ ಬಿಗಿಯುತ್ತದೆ. ಇದು ಅವನ ಕೈಗೆ ಗೊತ್ತಿತ್ತು. ಯಾಕೆ ಹಾಗಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಅದನ್ನು ಹೇಳಿದವಳು ಮಗಳು, ಅವಳಿಗೆ ಹೇಳಿದವರು ಯಜ್ಞೇಶ್ವರ ಮಾಸ್ತರು. ಅಂದು ಹೊಳೆಯಪ್ಪ ವರ್ಕಶಾಪಿನಲ್ಲಿ ಸಿಕ್ಕವರಿಗೆಲ್ಲ ಆ ಪಾಠ ಒಪ್ಪಿಸಿದ್ದ.

ಅಂಥ ಹೊಳೆಯಪ್ಪನಿಗೆ ಈಗ ಸಿಟ್ಟು ಬಂತು. ಸಂಜೆ ಕೈಕಾಲು ತೊಳೆದುಕೊಂಡು ಕಟ್ಟೆಯ ಮೇಲೆ ಕೂತ. ಪಕ್ಕದ ಮನೆಯ ಗೋದಾಬಾಯಿ ಮುನಸಿಪಾಲಿಟಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುವ ಅಕ್ಕಾರು. ಬೀರವ್ವನಿಗೆ ಅಕ್ಷರ ತಿದ್ದಿಸಿದವರೂ ಅವರೇ. ಹೊಳೆಯಪ್ಪ ಅವರ ಮುಂದೆ ತನ್ನ ಮನಸ್ಸು ಬಿಚ್ಚಿದ.

"ಅಕ್ಕಾರ, ಮಾಸ್ತರಿಲ್ಲದ ಸಾಲಿಗೆ ಹುಡುಗೀನ ಕಳಿಸಿ ಏನ್ ಮಾಡ್ಲಿ? ಸೋಮವಾರ ಹೋಗಿ ಆಕಿ ಹೆಸರು ತಗಿಸಿ ದಾಖಲೆ ತಗೊಂಡು ಬರ್ತೇನಿ. ಶಿರಗುಪ್ಪ್ಯಾಗ ನಮ್ಮಕ್ಕನ ಮನ್ಯಾಗ ಇರ್ಲಿ. ಹೊಲಾ ಮನಿ ಕೆಲಸಾರ ಕಲೀತಾಳ."

"ತಗೀರಿ, ಮಗಳು ನಿಮ್ಮಾಕಿ. ಆದ್ರ ಹಂಗ ಒಬ್ಬೊಬ್ಬರ ದಾಖಲೆ ತಗದ್ರ ಆ ಸಾಲ್ಯಾಗ ಏನಾಗ್ತದ ಗೊತ್ತದ ಏನು?"

"ಏನಾಗ್ತೈತಿ? ಒಂದು ಹುಡುಗಿ ಕಡಿಮಿ ಆಗ್ತಾಳ."

"ಮಕ್ಕಳ ಸಂಖ್ಯಾ ನೋಡಿ ಮಾಸ್ತರನ್ನ ಕೊಡ್ತಾರ್ರಿ. ಸಂಖ್ಯಾ ಇಳೀತಂದ್ರ, ಇಷ್ಟು ಮಕ್ಕಳಿಗೆ ಇಷ್ಟು ಮಂದಿ ಮಾಸ್ತರ್ರು ಯಾಕ ಅಂತ ಮತ್ತೊಬ್ಬರನ್ನ ತಗೀತಾರ. ಆಗ ಮತ್ತ ನಾಕು ಮಂದಿ ನಿಮ್ಮಂಗ ದಾಖಲೆ ತಗೀತಾರ. ಹಿಂಗ ನಡೀತಂದ್ರ ಒಂದು ದಿವಸ ಬಾಗಲಕ್ಕ ಕೀಲಿ ಬೀಳ್ತದ."

"ಸರಕಾರದ ಸಾಲಿ ಅದು. ಸರಕಾರ ನೋಡ್ಕೋಬೇಕು. ನಾ ಯಾರ್ರಿ?"

"ಶಿರಗುಪ್ಪಿ ಹೊಲಕ್ಕ ವರ್ಷಾ ಕಂದಾಯ ಕಟ್ಟವ್ರು ಯಾರು? ನೀವ ಅಲ್ಲೇನು? ನಿಮ್ಮಂಥವ್ರ ರೊಕ್ಕದಾಗನ ಆ ಸಾಲಿ ನಡೀತದ. ಸರಕಾರದ್ದು ಅಂದ್ರ ಯಾರದೂ ಅಲ್ಲ ಅಂತ ಅಲ್ಲ, ನಿಮ್ಮದ ಅಂತ."

ಆ ಮಾತು ಹೊಳೆಯಪ್ಪನ ಮನಸ್ಸಿಗೆ ಪೂರ್ತಿ ಇಳಿಯಲಿಲ್ಲ.

"ಒಂದು ಕೆಲಸ ಮಾಡ್ರಿ" ಎಂದರು ಗೋದಾಬಾಯಿ. "ದಾಖಲೆ ಕೇಳೂಕಿಂತ ಮೊದಲ ಅರ್ಧಾ ತಾಸು ವರ್ಗದ ಹೊರಗ ನಿಂತು ನೋಡ್ರಿ. ಆಮ್ಯಾಲೆ ನಿಮಗ ತಿಳದಂಗ ಮಾಡ್ರಿ."

ಸೋಮವಾರ ಹೊಳೆಯಪ್ಪ ಅರ್ಧ ದಿನದ ರಜೆ ಹಾಕಿ ಸಾಲಿಗೆ ಹೋದ. ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಬೀರವ್ವನ ವರ್ಗದ ಪಂಢರಿನಾಥ ಮಾಸ್ತರು ನಿಂತಿದ್ದರು. ಒಂದು ಕಡೆ ನಲವತ್ತು ಮಕ್ಕಳು ಕೂಡಬಹುದಾದ ಬಾಕುಗಳ ಮೇಲೆ ಎಪ್ಪತ್ತು ಮಕ್ಕಳಿದ್ದರು, ಇನ್ನೊಂದು ಕಡೆ ಬೇರೆ ಇಯತ್ತೆಯವರು. ಮಾಸ್ತರು ಈ ಕೋಣೆಗೆ ಲೆಕ್ಕ ಹಾಕಿಕೊಟ್ಟು ಆ ಕೋಣೆಗೆ ತಿರುಗಿ ಇತಿಹಾಸ ಹೇಳುತ್ತಿದ್ದರು. ಅದು ಮುಗಿಯುವ ಮೊದಲೇ ಇತ್ತ ತಿರುಗಿ, ಹಿಂದಿನ ಸಾಲಿನಲ್ಲಿ ಲೆಕ್ಕ ತಪ್ಪಿದ ಹುಡುಗನನ್ನು ಹೆಸರು ಹಿಡಿದು ಕರೆದು ತಪ್ಪು ತೋರಿಸುತ್ತಿದ್ದರು. ಧ್ವನಿ ಒಡೆದಿತ್ತು. ಕೊರಳಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡಿದ್ದರು. ಆದರೆ ಒಂದು ಸಲವೂ ಯಾರ ಮೇಲೂ ರೇಗಲಿಲ್ಲ.

ಹೊಳೆಯಪ್ಪ ಇಪ್ಪತ್ತೈದು ವರ್ಷ ಕೆಲಸಗಾರರ ನಡುವೆ ಬದುಕಿದವನು. ಇವರ ಕೈಯಲ್ಲಿ ಕೆಲಸವಿದೆ, ಆದರೆ ಇಬ್ಬರ ಭಾರ ಒಬ್ಬರ ಮೇಲೆ ಬಿದ್ದಿದೆ ಎಂಬುದು ಅವನಿಗೆ ಒಂದೇ ನೋಟಕ್ಕೆ ತಿಳಿಯಿತು.

ಬಿಡುವಿನಲ್ಲಿ ಮಾಸ್ತರು ಹೊರಗೆ ಬಂದರು. ಹೊಳೆಯಪ್ಪ ಬಂದ ಕಾರಣ ಹೇಳಿದ. ಮಾಸ್ತರು ಬೇಸರ ತೋರಿಸಲಿಲ್ಲ.

"ಈ ಮಳಿಗಾಲದಾಗ ಹನ್ನೊಂದು ಮಂದಿ ದಾಖಲೆ ತಗೊಂಡು ಹೋದ್ರು. ಬೀರವ್ವ ಹನ್ನೆರಡನೇದಾಕಿ ಆಗ್ತಾಳ. ನನಗ ಒಂದ ಸಂಕಟ ನೋಡ್ರಿ. ಇಂಥಾ ಹುಡುಗಿಗೆ ಸಾಯನ್ಸ್ ಕಲಿಸೂದು ನನಗ ಬರೂದಿಲ್ಲ. ನಾನು ಇತಿಹಾಸದ ಮನುಷ್ಯಾ."

"ನಿಮ್ಮ ಪಗಾರನೂ ಕಡದಾರಂತ?"

"ಕಡದಾರ. ಅದನ್ನ ಹೆಂಗೋ ತಡಕೋತೀವ್ರಿ. ಪಾಠ ಕಡದದ್ದನ್ನ ಮಕ್ಕಳು ಹೆಂಗ ತಡಕೋಬೇಕು?"

ಹೊಳೆಯಪ್ಪ ಸಾಯನ್ಸ್ ಕೋಣೆ ತೋರಿಸಿರೆಂದ. ಮಾಸ್ತರು ಕೀಲಿ ತೆಗೆದರು. ಒಳಗೆ ತಕ್ಕಡಿಯ ದಂಡಿಗೆ ಬಾಗಿತ್ತು. ಪಾತ್ರೆ ಇಟ್ಟು ಕಾಯಿಸುವ ಮೂರು ಕಾಲಿನ ಕಬ್ಬಿಣದ ಕುದುರೆಗೆ ಎರಡೇ ಕಾಲು ಉಳಿದಿದ್ದವು. ಕಾಯಿಸಿದ ಗುಂಡು ಬಳೆಯಲ್ಲಿ ಹಾಯುವುದಿಲ್ಲವೆಂದು ತೋರಿಸುವ ಪ್ರಯೋಗದ ಗುಂಡೇ ಇರಲಿಲ್ಲ, ಬಳೆ ಮಾತ್ರ ಉಳಿದಿತ್ತು. ಹೊಸದು ತರಿಸಲು ಎರಡು ವರ್ಷದಿಂದ ಮಂಜೂರಿ ಸಿಕ್ಕಿರಲಿಲ್ಲ.

ಹೊಳೆಯಪ್ಪ ಆ ಬಳೆಯನ್ನು ಕೈಯಲ್ಲಿ ತಿರುಗಿಸಿ ನೋಡಿದ. "ಇವನ್ನ ನಾ ಮಾಡಿ ಕೊಡ್ತೇನ್ರಿ" ಎಂದ. ದಾಖಲೆಯ ಮಾತು ಅಲ್ಲಿಗೇ ನಿಂತಿತು.

ವರ್ಕಶಾಪಿನ ಗೆಳೆಯ ಶರೀಫಸಾಬನ ಮನೆಯ ಹಿತ್ತಲಲ್ಲಿ ಸಣ್ಣದೊಂದು ಕುಲುಮೆ ಇತ್ತು. ಇಬ್ಬರೂ ಪೇಟೆಯಿಂದ ಹಳೆಯ ಕಬ್ಬಿಣ ತಂದು ಮೂರು ಭಾನುವಾರ ಕೂತರು. ಶರೀಫಸಾಬನ ಮಗಳು ನಜ್ಮಾ ತಿದಿ ಒತ್ತಿದಳು. ಬೀರವ್ವ ಪುಸ್ತಕದಲ್ಲಿದ್ದ ಚಿತ್ರ ನೋಡಿ ಅಳತೆ ಹೇಳಿದಳು. ಗುಂಡು ಬಳೆಗಿಂತ ಕೂದಲೆಳೆಯಷ್ಟೇ ಸಣ್ಣದಿರಬೇಕು. ಹೊಳೆಯಪ್ಪ ಎರಡು ಗುಂಡು ಕೆಡಿಸಿ ಮೂರನೆಯದನ್ನು ಸರಿಯಾಗಿ ಮಾಡಿದ.

ಗೆಳೆಯರಿಬ್ಬರೂ ಎಲ್ಲವನ್ನೂ ಗೋಣಿಚೀಲದಲ್ಲಿ ಹೊತ್ತು ಸಾಲಿಗೆ ಒಯ್ದಾಗ ಪಂಢರಿನಾಥ ಮಾಸ್ತರು ಒಂದೊಂದನ್ನೇ ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದರು.

"ವಿಲಾಯತಿ ಸಾಮಾನಕ್ಕಿಂತ ಛಲೋ ಆಗ್ಯಾವ" ಎಂದರು. ಆಮೇಲೆ ಮೆಲ್ಲಗೆ, "ಆದ್ರ ಹೊಳೆಯಪ್ಪನವರ, ಮಾಸ್ತರನ್ನ ಮಾತ್ರ ನಿಮ್ಮ ಭಟ್ಟ್ಯಾಗ ಮಾಡಾಕ ಬರೂದಿಲ್ಲ. ಅವರನ್ನ ಸರಕಾರನ ಕೊಡಬೇಕು" ಎಂದರು.

ಆ ಮಾತು ಹೊಳೆಯಪ್ಪನಿಗೆ ನಾಟಿತು. ಅಂದು ಸಂಜೆ ತಾನೇ ಗೋದಾಬಾಯಿಯವರ ಕಟ್ಟೆಗೆ ಹೋದ.

"ಅಕ್ಕಾರ, ಸರಕಾರಕ್ಕ ಕೇಳೂದಾದ್ರ ಹೆಂಗ ಕೇಳಬೇಕು? ಕಬ್ಬಿಣ ಬಡಿಯೂ ನನ್ನ ಮಾತು ಯಾರು ಕೇಳ್ತಾರ?"

"ಒಬ್ಬರದು ಕೇಳಲಿಕ್ಕಿಲ್ಲ. ಅದಕ್ಕ ಎಲ್ಲಾರೂ ಕೂಡಿ ಅರ್ಜಿ ಬರೀರಿ. ಎಷ್ಟು ಮಕ್ಕಳಿದ್ದಾರ, ಎಷ್ಟು ಮಾಸ್ತರ್ರು ಬೇಕು, ಈಗ ಎಷ್ಟು ಮಂದಿ ಇದ್ದಾರ, ಖರೇ ಇದ್ದದ್ದಷ್ಟ ಬರೀರಿ. ಬೈದು ಬರೀಬ್ಯಾಡ್ರಿ, ಬೇಡಿನೂ ಬರೀಬ್ಯಾಡ್ರಿ. ದೀಪಾವಳಿ ಆದ ಮ್ಯಾಲೆ ತಪಾಸಣಿಗೆ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರ. ಅವರ ಕೈಯಾಗ ಕೊಡ್ರಿ. ಅವತ್ತು ಹಾಜರಿ ಪಟ್ಟಿ ತುಂಬಿರಬೇಕು, ಅದು ಎಲ್ಲಾಕಿಂತ ದೊಡ್ಡ ಅರ್ಜಿ."

ಅರ್ಜಿಯನ್ನು ಬೀರವ್ವ ಬರೆದಳು, ಗೋದಾಬಾಯಿ ತಿದ್ದಿದರು. ಆಮೇಲೆ ಹೊಳೆಯಪ್ಪ ಮತ್ತು ಹುಲಿಗೆವ್ವ ದಾಖಲೆ ತೆಗೆದುಕೊಂಡು ಹೋದ ಹನ್ನೊಂದು ಮಕ್ಕಳ ಮನೆಗಳನ್ನು ಹುಡುಕಿಕೊಂಡು ಹೋದರು. ಅಮರಗೋಳದ ಒಂದು ಮನೆಯಲ್ಲಿ ಯಜಮಾನ ಗುರುಶಿದ್ದಪ್ಪ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ.

"ಮಾಸ್ತರಿಲ್ಲಂತ ಹುಡುಗನ್ನ ಬಿಡಿಸಿದ್ವಿ. ಮೊದಲ ಮಾಸ್ತರನ್ನ ಕರಿಸ್ರಿ, ಆಮ್ಯಾಲೆ ಕಳಸ್ತೇನಿ."

ಹೊಳೆಯಪ್ಪ ಏನೋ ಹೇಳಲು ಹೊರಟ. ಅವನಿಗಿಂತ ಮೊದಲು ಹುಲಿಗೆವ್ವ ಮಾತಾಡಿದಳು. ಅವಳು ಹೊರಗಿನ ಗಂಡಸರ ಮುಂದೆ ಬಾಯಿ ಬಿಟ್ಟವಳಲ್ಲ.

"ಅಣ್ಣಾ, ನಾವೂ ಹಿಂಗ ಅಂದಿದ್ವಿ. ಖಾಲಿ ಬಾಕು ನೋಡಿ ಮಾಸ್ತರನ್ನ ಯಾರೂ ಕೊಡೂದಿಲ್ಲ. ಮಕ್ಕಳು ಕೂತಿದ್ರ ಕೇಳಾಕ ನಮಗೂ ಬಾಯಿ ಇರತೈತಿ."

ಹನ್ನೊಂದರಲ್ಲಿ ಒಂಬತ್ತು ಮಕ್ಕಳು ತಿರುಗಿ ಬಂದರು. ಅಮರಗೋಳದ ಹುಡುಗನೂ ಬಂದ. ಅರ್ಜಿಯ ಕೆಳಗೆ ಸಹಿಗಳು, ಅದಕ್ಕಿಂತ ಹೆಚ್ಚು ಹೆಬ್ಬೆಟ್ಟುಗಳು ಬಿದ್ದವು.

ತಪಾಸಣೆಯ ದಿನ ಹಾಜರಿ ಪಟ್ಟಿಯಲ್ಲಿ ಗೈರುಹಾಜರಿಯೇ ಇರಲಿಲ್ಲ. ಸಾಹೇಬರು ವರ್ಗಕ್ಕೆ ಬಂದಾಗ ಕೂಡಲು ಜಾಗ ಸಾಲದೆ ಹಿಂದೆ ಹದಿನೈದು ಮಕ್ಕಳು ನಿಂತಿದ್ದರು. ಹೊರಗೆ ಪಡಸಾಲೆಯಲ್ಲಿ ಪಾಲಕರು ಸಾಲುಗಟ್ಟಿದ್ದರು. ಅವರಲ್ಲಿ ಬಹಳಷ್ಟು ಮಂದಿ ಸಾಲಿಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಸಾಹೇಬರು ಅರ್ಜಿ ಓದಿದರು. "ಇದರಾಗ ಸುಳ್ಳೇನಿಲ್ಲ. ಆದ್ರ ಖರ್ಚು ಕಡಿಮಿ ಮಾಡ್ರಿ ಅಂತ ಮ್ಯಾಲಿನ ಹುಕುಂ ಅದ. ಮಾಸ್ತರ್ರು ಇದ್ದಷ್ಟರಾಗ ಹೊಂದಿಸಿಕೋಬೇಕಾಗ್ತದ."

ಹೊಳೆಯಪ್ಪ ರುಮಾಲು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ಸಾಹೇಬ್ರ, ನಾ ಕಬ್ಬಿಣದ ಕೆಲಸದಾಂವ. ನಮ್ಮಲ್ಲಿ ಒಬ್ಬ ಮನಿಷಾ ಎರಡು ಭಟ್ಟಿ ನೋಡಿದ್ರ ಎರಡೂ ಕಡೆ ಕಬ್ಬಿಣ ಸುಟ್ಟು ಹಾಳಾಗ್ತೈತಿ. ಕೆಟ್ಟ ಕಬ್ಬಿಣ ಮತ್ತ ಕಾಯಿಸಿ ಬಡೀಬಹುದು. ಹುಡುಗ್ರಿಗೆ ಹೋದ ವರ್ಷ ಮತ್ತ ಬರೂದಿಲ್ರಿ. ಪಂಢರಿನಾಥ ಮಾಸ್ತರ್ರು ಇದ್ದಷ್ಟರಾಗ ಹೊಂದಿಸೂದು ನಾಕು ತಿಂಗಳಾತು. ಅವರ ಧ್ವನಿ ಕೇಳ್ರಿ, ಅಂದ್ರ ನಿಮಗ ತಿಳೀತೈತಿ. ಸಾಮಾನು ನಾವು ಮಾಡಿ ಕೊಟ್ಟೇವಿ. ಮಾಸ್ತರನ್ನ ನೀವು ಕೊಡ್ರಿ."

ಸಾಹೇಬರು ಮೇಜಿನ ಮೇಲಿದ್ದ ತಕ್ಕಡಿ, ಗುಂಡು, ಬಳೆಗಳನ್ನು ನೋಡಿದರು. "ಇವು ನೀವು ಮಾಡಿದ್ದೇನು? ಇವನ್ನ ಉಪಯೋಗಿಸೂದು ಯಾರಿಗೆ ಬರ್ತದ?"

ಬೀರವ್ವ ಎದ್ದು ಬಂದಳು. ತಣ್ಣಗಿನ ಗುಂಡನ್ನು ಬಳೆಯಲ್ಲಿ ಹಾಯಿಸಿ ತೋರಿಸಿದಳು. ಅದನ್ನೇ ದೀಪದ ಮೇಲೆ ಕಾಯಿಸಿ ಬಳೆಯ ಮೇಲಿಟ್ಟಳು. ಗುಂಡು ಅಲ್ಲೇ ಕೂತಿತು. ಕಾರಣವನ್ನು ಮೊದಲು ಇಂಗ್ಲಿಷಿನಲ್ಲಿ ಸಾಹೇಬರಿಗೆ ಹೇಳಿದಳು. ಆಮೇಲೆ ಪಡಸಾಲೆಯ ಕಡೆ ತಿರುಗಿ, ನಿಂತಿದ್ದ ತಾಯಂದಿರಿಗೂ ತಂದೆಯರಿಗೂ ತಿಳಿಯಲೆಂದು ಕನ್ನಡದಲ್ಲಿ ಹೇಳಿದಳು.

ಶರೀಫಸಾಬ ಹೊಳೆಯಪ್ಪನ ಭುಜ ಮುಟ್ಟಿದ. ಹೊಳೆಯಪ್ಪನ ಕಣ್ಣು ಮಂಜಾಗಿತ್ತು. ವರ್ಕಶಾಪಿನಲ್ಲಿ ಯಾವ ದೊಡ್ಡ ಕೆಲಸ ಮುಗಿಸಿದಾಗಲೂ ಅವನ ಎದೆ ಅಷ್ಟು ಉಬ್ಬಿರಲಿಲ್ಲ.

ಸಾಹೇಬರು ಅಂದು ಏನೂ ಮಾತು ಕೊಡಲಿಲ್ಲ. ತಮ್ಮ ವಹಿಯಲ್ಲಿ ಬಹಳ ಹೊತ್ತು ಬರೆದುಕೊಂಡು ಹೋದರು. ಪಾಲಕರು ಸುಮ್ಮನೆ ಕೂಡಲಿಲ್ಲ. ಪ್ರತಿ ತಿಂಗಳೂ ಹಾಜರಿಯ ಸಂಖ್ಯೆ ಬರೆದು ಮೇಲಿನ ಕಚೇರಿಗೆ ಕಾಗದ ಹಾಕಿದರು. ಯುಗಾದಿಯ ಹೊತ್ತಿಗೆ ಹುಕುಂ ಬಂತು: ಜೂನಿನಿಂದ ಸಾಯನ್ಸ್ ಮಾಸ್ತರರ ಜಾಗ ಮತ್ತೆ ಮಂಜೂರು, ಕೂಡಿಸಿದ ವರ್ಗಗಳು ಬೇರೆ ಬೇರೆ. ಚಿತ್ರಕಲೆಯ ಮಾಸ್ತರರ ಜಾಗ ಬರಲಿಲ್ಲ. ಅದಕ್ಕಾಗಿ ಪಾಲಕರು ಎರಡನೆಯ ಅರ್ಜಿ ಬರೆಯಲು ಕೂತರು.

ಧಾರವಾಡದಲ್ಲಿ ಮನೆಪಾಠ ಹೇಳಿಕೊಂಡಿದ್ದ ಯಜ್ಞೇಶ್ವರ ಮಾಸ್ತರು ಜೂನಿನಲ್ಲಿ ತಿರುಗಿ ಬಂದರು. ಮೊದಲ ದಿನವೇ ಪಾಲಕರನ್ನು ಸಾಯನ್ಸ್ ಕೋಣೆಗೆ ಕರೆದರು. "ಈ ಸಾಲ್ಯಾಗ ನಾ ಕಲಿಸ್ತೇನಿ. ಆದ್ರ ನನ್ನನ್ನ ಇಲ್ಲಿ ಕರಿಸಿದವರು ಇವರು. ನೋಡಿ ನೆನಪಿಟ್ಟುಕೊಳ್ರಿ" ಎಂದು ಮಕ್ಕಳಿಗೆ ತೋರಿಸಿದರು. ಮಕ್ಕಳೆಲ್ಲ ಎದ್ದು ನಿಂತು ಕೈ ಮುಗಿದರು. ಆ ವಾರವೇ ಹುಲಿಗೆವ್ವ ಶಿರಗುಪ್ಪಿಗೆ ಹೋಗಿ, ಗಂಡನ ಅಕ್ಕನನ್ನು ಒಪ್ಪಿಸಿ, ಅವಳ ಮಗಳನ್ನೂ ಓದಿಸಲೆಂದು ತನ್ನ ಮನೆಗೆ ಕರೆತಂದಳು.

ಕೇಳುತ್ತಿರುವ ತಾಯಂದಿರೇ, ತಂದೆಯರೇ, ನಿಮ್ಮೂರಿನ ಸರಕಾರಿ ಪ್ರೌಢಶಾಲೆಯಲ್ಲಿ ಎಷ್ಟು ಮಂದಿ ಶಿಕ್ಷಕರಿರಬೇಕು, ಎಷ್ಟು ಮಂದಿ ಇದ್ದಾರೆ ಎಂಬುದು ನಿಮಗೆ ಗೊತ್ತಿದೆಯೇ? ಗಣಿತಕ್ಕೆ ಯಾರು, ವಿಜ್ಞಾನಕ್ಕೆ ಯಾರು ಎಂದು ಕೇಳಿದ್ದೀರಾ? ಜಾಗ ಖಾಲಿ ಇದ್ದರೆ ಮಕ್ಕಳನ್ನು ಬಿಡಿಸಿಕೊಂಡು ಹೋಗಬೇಡಿ, ದಿನಾಲೂ ತಪ್ಪದೆ ಕಳಿಸಿ. ನಾಲ್ಕು ಮನೆಯವರು ಕೂಡಿ ಅರ್ಜಿ ಬರೆಯಿರಿ, ಉತ್ತರ ಬರುವ ತನಕ ಬಿಡಬೇಡಿ. ಎರಡು ವರ್ಗ ಒಬ್ಬರೇ ನೋಡಿಕೊಳ್ಳುವ ಶಿಕ್ಷಕರು ಸಿಕ್ಕರೆ ಅವರನ್ನು ದೂರಬೇಡಿ, ಅವರ ಪಕ್ಕದಲ್ಲಿ ನಿಲ್ಲಿ. ಇದನ್ನು ನಾಳೆಯೇ ಶುರು ಮಾಡಬಹುದು. ಸಾಲಿಗೆ ಹೋಗಿ, ನಾನು ಇಂಥ ಹುಡುಗಿಯ ತಾಯಿ, ನಾನು ಇಂಥ ಹುಡುಗನ ತಂದೆ, ನಮ್ಮ ಸಾಲಿ ನೋಡಲು ಬಂದಿದ್ದೇನೆ ಎಂದು ತಲೆಯೆತ್ತಿ ಹೇಳಿ.