ಹನ್ನೆರಡನೇ ತಾರೀಖಿನ ಬ್ಯಾಂಡೇಜು

ಶ್ರದ್ಧಾಂಜಲಿ ಸಭೆಯಲ್ಲಿ ಆಸ್ಪತ್ರೆಯ ಅಧ್ಯಕ್ಷರು ಮೂರನೇ ಸಲ "ಸದಾ ಹಸನ್ಮುಖಿ" ಎಂದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಸೊಸೆಗೆ ಮೈ ಉರಿದುಹೋಯಿತು. ಯಾರ ಬಗ್ಗೆ ಮಾತಾಡುತ್ತಿದ್ದಾನೆ ಈ ಮಹಾಶಯ? ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಅತ್ತೆ ನಕ್ಕಿದ್ದನ್ನು ಅವಳು ನೋಡಿದ್ದು ಬೆರಳೆಣಿಕೆಯಷ್ಟು ಸಲ. ಕೈ ತೊಳೆಯದೆ ವಾರ್ಡಿಗೆ ಬಂದ ಡಾಕ್ಟರನ್ನೇ ಬಾಗಿಲಲ್ಲಿ ನಿಲ್ಲಿಸಿ ನೀರಿಳಿಸಿದ ನರ್ಸಮ್ಮ ಅವರು. ಅದಕ್ಕೆ ಮೆಮೊ ಕೊಟ್ಟದ್ದು ಇದೇ ಆಸ್ಪತ್ರೆ. ಈಗ ವೇದಿಕೆಯ ಮೇಲಿನ ಫೋಟೋದಲ್ಲಿ ಸ್ಟುಡಿಯೋದವನು ಅವರ ತುಟಿಗಳನ್ನು ಒಂಚೂರು ಮೇಲಕ್ಕೆ ತಿದ್ದಿದ್ದ. ಸತ್ತ ಮೇಲಾದರೂ ನಗಲೇಬೇಕಂತೆ!

ಅವಳ ಕೈಚೀಲದಲ್ಲಿ ಒಂದು ಬೀಗದ ಕೈ ಇತ್ತು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕದ, ಆಸ್ಪತ್ರೆಗೇ ಸೇರಿದ ಒಂಟಿ ಕೋಣೆಯದು. ನಿವೃತ್ತಿಯಾದ ಮಾರನೆಯ ದಿನದಿಂದ ಹತ್ತೊಂಬತ್ತು ವರ್ಷ ಅತ್ತೆ ಅಲ್ಲಿ ಬಂದವರ ಗಾಯ ತೊಳೆದು ಕಟ್ಟಿದ್ದರು. ಸಂಜೆ ಹೊಲಿಗೆ ಮೆಷಿನ್ ಮುಚ್ಚಿಟ್ಟು ಸೊಸೆಯೂ ಹೋಗಿ ಟ್ರೇ ಹಿಡಿಯುತ್ತಿದ್ದಳು. ಸುಮ್ಮನೆ ಅಲ್ಲ, ಗೊಣಗುತ್ತಾ. ಮನೆಯವರಿಗೆ ಜ್ವರ ಬಂದರೆ ಮಾತ್ರೆ ನುಂಗಿ ಮಲಗು ಎನ್ನುವ ಅತ್ತೆ ಬೀದಿಯವರ ಕಾಲಿನ ಮುಂದೆ ಮುಕ್ಕಾಲು ಗಂಟೆ ಕೂರುತ್ತಿದ್ದುದು ಅವಳಿಗೆ ಎಂದೂ ಸರಿಬಂದಿರಲಿಲ್ಲ. ಭಾಷಣ ಮುಗಿದ ಮೇಲೆ ಆ ಬೀಗದ ಕೈಯನ್ನು ಅಧ್ಯಕ್ಷರಿಗೆ ಒಪ್ಪಿಸಬೇಕು. ಇನ್ನು ಆ ಕೋಣೆಗೆ ಆಸ್ಪತ್ರೆಯ ಹಳೆಯ ಫೈಲುಗಳು ಬರುತ್ತವೆ. ಗಂಡ ಆಗಲಿ ಎಂದು ತಲೆಯಾಡಿಸಿ ಬಂದಿದ್ದ.

ಇನ್ನು ಕೂರಲಾರೆ ಅನ್ನಿಸಿ ಅವಳು ಎದ್ದಳು. ಹಿಂದಿನ ಸಾಲಿನ ಹತ್ತಿರ ಬಂದಾಗ ಕೊಳೆತ ವಾಸನೆ ಬಡಿಯಿತು. ಕೊನೆಯ ಕುರ್ಚಿಯಲ್ಲಿ ಸಿಹಿಮೂತ್ರದ ಹಳೆ ರೋಗಿ, ನಿವೃತ್ತ ಬಸ್ ಡ್ರೈವರ್, ಎಡಗಾಲು ಚಾಚಿ ಕೂತಿದ್ದ. ಪಾದದ ಬ್ಯಾಂಡೇಜು ಹಳದಿಗಟ್ಟಿತ್ತು. ಅದಕ್ಕೆ ಅಂಟಿಸಿದ ಪ್ಲಾಸ್ಟರ್ ಪಟ್ಟಿಯ ಮೇಲೆ ನೀಲಿ ಪೆನ್ನಿನಲ್ಲಿ "12, ಸಂಜೆ 4" ಎಂದಿತ್ತು. ಕಟ್ಟಿದ ತಾರೀಖು, ಗಂಟೆ ಬರೆಯದೆ ಅತ್ತೆ ಯಾರನ್ನೂ ಕಳಿಸುತ್ತಿರಲಿಲ್ಲ. ಹದಿಮೂರರ ಬೆಳಿಗ್ಗೆ ಅವರು ತೀರಿಕೊಂಡಿದ್ದರು. ಇಂದು ಇಪ್ಪತ್ತೆರಡು.

"ಏನಣ್ಣ ಇದು? ಹತ್ತು ದಿನ ಆಯ್ತು! ಎರಡು ದಿನಕ್ಕೊಂದ್ಸಲ ಬಿಚ್ಚಬೇಕು ಅಂತ ನಿಮಗೆ ಗೊತ್ತಿಲ್ವಾ?"

"ಆಸ್ಪತ್ರೆಗೆ ಹೋಗಿದ್ದೆ ಕಣಮ್ಮ. ಸಿಸ್ಟರಮ್ಮನ ಸಭೆ ಇದೆ, ಎಲ್ರೂ ಬಿಜಿ, ಮುಂದಿನ ವಾರ ಬಾ ಅಂದ್ರು." ಅವನು ದನಿ ತಗ್ಗಿಸಿದ. "ಆಮೇಲೆ... ಇದು ಅವರ ಅಕ್ಷರ ನೋಡು. ಕಡೇದು. ಕೀಳೋಕೆ ಮನಸ್ಸು ಬರ್ಲಿಲ್ಲ."

"ಅವರಿದ್ದಿದ್ರೆ ನಿಮ್ಮ ಇನ್ನೊಂದು ಕಾಲೂ ಮುರೀತಿದ್ರು!"

ಅವಳ ದನಿಗೆ ಮೂರು ಸಾಲಿನವರು ತಿರುಗಿ ನೋಡಿದರು. ನೋಡಲಿ. ಅಧ್ಯಕ್ಷನ ಮೇಲೆ ಸಿಟ್ಟು, ಗಂಡನ ಮೇಲೆ ಸಿಟ್ಟು, ಬ್ಯಾಂಡೇಜನ್ನು ಪೂಜೆಗಿಟ್ಟವನ ಹಾಗೆ ಉಳಿಸಿಕೊಂಡು ಕಾಲು ಕೊಳೆಸಿಕೊಂಡ ಈ ಮುದುಕನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆ. ಇಷ್ಟು ದಿನ ಬೀಗದ ಕೈ ಅವಳ ಚೀಲದಲ್ಲೇ ಇತ್ತಲ್ಲ?

"ಈಗ ಕುಟುಂಬದವರು ವೇದಿಕೆಗೆ ಬರಬೇಕು," ಎಂದಿತು ಮೈಕು. ಗಂಡ ದೂರದಿಂದ ಕೈಸನ್ನೆ ಮಾಡಿದ. ಅವಳು ಮುದುಕನ ತೋಳು ಹಿಡಿದಳು.

"ಏಳಿ."

ಬೀಗ ತೆಗೆದರೆ, ಅತ್ತೆಯ ಕೋಣೆಯಲ್ಲಿ ಎಲ್ಲವೂ ಇದ್ದಲ್ಲೇ ಇತ್ತು. ನಲ್ಲಿಯ ಕೆಳಗೆ, ಅತ್ತೆ ಮಾಡುತ್ತಿದ್ದ ಹಾಗೆಯೇ, ಬಾಯಿಬಿಟ್ಟು ನಲವತ್ತರವರೆಗೆ ಎಣಿಸುತ್ತಾ ಕೈ ತೊಳೆದುಕೊಂಡಳು. ಸಲೈನು ಸುರಿದು ಬ್ಯಾಂಡೇಜನ್ನು ನೆನೆಸಿ, ಪದರ ಪದರವಾಗಿ ಬಿಡಿಸಿದಳು. ಅಂಚು ಕಪ್ಪಾಗಿತ್ತು. ತೊಳೆದಾಗ ನಡುವೆ ಇನ್ನೂ ಜೀವವಿರುವ ಕೆಂಪು ಮಾಂಸ ಕಂಡಿತು. ಆಗ ಉಸಿರು ಬಿಟ್ಟಳು.

"ನಾಳೆ ಬೆಳಿಗ್ಗೆ ನಾನೇ ಕರ್ಕೊಂಡು ಹೋಗಿ ಡಾಕ್ಟರ ಮುಂದೆ ಕೂರಿಸ್ತೀನಿ. ಮುಂದಿನ ವಾರ ಅಂತ ಅದ್ಯಾರು ಅಂತಾರೋ ನೋಡೇಬಿಡ್ತೀನಿ."

ಗಂಡ ಏದುಸಿರು ಬಿಡುತ್ತಾ ಬಾಗಿಲಿಗೆ ಬಂದ. "ಏನೇ ಇದು? ಅಷ್ಟು ಜನ ಕಾಯ್ತಿದಾರೆ. ಬೀಗದ ಕೈ ಕೊಡು, ಮಾನ ಹೋಗ್ತಿದೆ."

"ಚಪ್ಪಲಿ ಹೊರಗೆ ಬಿಡಿ. ಕೈ ತೊಳ್ಕೊಂಡು ಬಂದು ಟ್ರೇ ಹಿಡೀರಿ."

ಅವನು ಅವಳ ಮುಖ ನೋಡಿದ, ಮುದುಕನ ಪಾದ ನೋಡಿದ. ಚಪ್ಪಲಿ ಬಿಟ್ಟ.

"ಆ ಅಕ್ಷರದ ತುಂಡನ್ನ ನಂಗೆ ಕೊಡಮ್ಮ," ಎಂದ ಮುದುಕ.

ಅವಳು ಪ್ಲಾಸ್ಟರನ್ನು ಬೆರಳಲ್ಲಿ ಹಿಡಿದು ಒಂದು ಕ್ಷಣ ನೋಡಿದಳು. ಕೀವು ನಾಲ್ಕರ ಅಂಕಿಯನ್ನು ಅರ್ಧ ತಿಂದಿತ್ತು. ಬಕೆಟ್ಟಿಗೆ ಹಾಕಿ ಮುಚ್ಚಳ ಮುಚ್ಚಿದಳು.

ಹೊಸ ಪ್ಲಾಸ್ಟರಿನ ಮೇಲೆ "22, ಬೆಳಿಗ್ಗೆ 11.40" ಎಂದು ತನ್ನ ದುಂಡಗಿನ ಅಕ್ಷರದಲ್ಲಿ ಬರೆದಳು. "ಇಪ್ಪತ್ನಾಲ್ಕಕ್ಕೆ ಇಲ್ಲಿ ಬನ್ನಿ. ಸಂಜೆ ನಾಲ್ಕಕ್ಕೆ."

"ಇಪ್ಪತ್ನಾಲ್ಕಕ್ಕೆ ಇಲ್ಲಿ ಯಾರಿರ್ತಾರೆ?" ಗಂಡ ಮೆಲ್ಲಗೆ ಕೇಳಿದ. ಟ್ರೇ ಇನ್ನೂ ಅವನ ಕೈಯಲ್ಲಿತ್ತು. ದೂರದಲ್ಲಿ ಮೈಕು ಕುಟುಂಬದವರನ್ನು ಮತ್ತೆ ಕರೆಯಿತು.

ಅವಳು ಆಗಲೇ ನಲ್ಲಿಯ ಹತ್ತಿರ ಹೋಗಿದ್ದಳು. ಹದಿನೇಳು, ಹದಿನೆಂಟು ಎಂದು ಗಟ್ಟಿಯಾಗಿ ಎಣಿಸುತ್ತಾ ಕೈ ತೊಳೆಯುತ್ತಿದ್ದಳು.