ಲಸಿಕೆ ಹಾಕಿಸದವರಿಗೆ ಪ್ರವೇಶವಿಲ್ಲ

ಮಕ್ಕಳ ಡಾಕ್ಟರ ಕೋಣೆಯಲ್ಲಿ ಇಬ್ಬರು ಗಂಡಸರು ಜಗಳವಾಡುತ್ತಿದ್ದರು. ಯಾರ ವಿಷಯಕ್ಕೆ ಜಗಳವೋ ಆ ಮಗು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಜಿರಾಫೆಯ ಕಿವಿ ಚೀಪುತ್ತಿತ್ತು. ಮಗುವಿನ ತಾಯಿ ನಡುವಿನ ಕುರ್ಚಿಯಲ್ಲಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳಿದ್ದರೆ, ಆ ಜಿರಾಫೆಯನ್ನು ಕೊನೆಯ ಸಲ ತೊಳೆದದ್ದು ಯಾವಾಗ ಎಂದು ಅವಳೇ ತಿರುಗಿ ಕೇಳುತ್ತಿದ್ದಳು.

ವಿಷಯ ಇಷ್ಟೇ. ಮಗುವಿಗೆ ವರ್ಷ ತುಂಬಿ ಎಷ್ಟೋ ತಿಂಗಳಾದರೂ ದಡಾರದ ಲಸಿಕೆ ಹಾಕಿಸಿರಲಿಲ್ಲ. ಹುಟ್ಟಿದಾಗಿನ ಚುಚ್ಚುಮದ್ದುಗಳೆಲ್ಲ ಸಲೀಸಾಗಿ ಆಗಿಹೋಗಿದ್ದವು. ಆಗಿನ್ನೂ ಮಗುವಿನ ತಂದೆಗೆ ಜ್ಞಾನೋದಯವಾಗಿರಲಿಲ್ಲ. ಅದು ಆದದ್ದು ಬಚ್ಚಲುಮನೆಯಲ್ಲಿ, ಫೋನು ಹಿಡಿದು ಕೂತ ಒಂದು ಬೆಳಿಗ್ಗೆ. ಬಿಳಿ ಕೋಟು ತೊಟ್ಟ ಯಾವನೋ ಒಬ್ಬ ಆಸಾಮಿ, ಬೆನ್ನ ಹಿಂದೆ ದಪ್ಪ ಪುಸ್ತಕಗಳ ಕಪಾಟು ಇಟ್ಟುಕೊಂಡು, ಲಸಿಕೆಯೆಂದರೆ ಕಂಪನಿಗಳ ವ್ಯಾಪಾರ, ರೋಗ ತಾನಾಗಿ ಬಂದುಹೋದರೇ ದೇಹಕ್ಕೆ ಶಕ್ತಿ ಎಂದು ಹೇಳಿದ್ದ. ಬಚ್ಚಲಿಗೆ ಹೋಗುವಾಗ ಬರೀ ಗಂಡನಾಗಿದ್ದವನು ಹೊರಗೆ ಬರುವಾಗ ಪಂಡಿತನಾಗಿದ್ದ. ಅಂದಿನಿಂದ ಅವಳು ಆ ಪುರಾಣವನ್ನು ಕೇಳದ ದಿನವಿಲ್ಲ.

ಈಗ ಡಾಕ್ಟರ ಮುಂದೆಯೂ ಅದನ್ನೇ ಬಿಚ್ಚಿದ್ದ. ತಾನೂ ತನ್ನ ಅಣ್ಣತಮ್ಮಂದಿರೂ ದಡಾರ ಬಂದೇ ಬೆಳೆದದ್ದು, ಯಾರಿಗೂ ಏನೂ ಆಗಿಲ್ಲ, ಮಗಳಿಗೆ ಮನೆಯ ಊಟ, ಮನೆಯ ಆರೈಕೆ, ಅವಳ ಮೈ ತನ್ನನ್ನು ತಾನು ನೋಡಿಕೊಳ್ಳುತ್ತದೆ ಎಂದು ಒಂದೊಂದಾಗಿ ಹೇಳಿದ. ನಡುನಡುವೆ ‘ಸಂಶೋಧನೆ’ ಎಂಬ ಪದವನ್ನು, ಅಡುಗೆಗೆ ಉಪ್ಪು ಉದುರಿಸುವ ಹಾಗೆ, ಉದುರಿಸುತ್ತಿದ್ದ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಂಥ ತಲೆತಿನ್ನುವವರಿಗೆ ಕೊಡಬೇಕಾದ ಉತ್ತರ ಅವರ ಬಳಿ ಇತ್ತು. ದಡಾರ ಶ್ವಾಸಕೋಶಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಮಿದುಳಿಗೂ ಏರುತ್ತದೆ, ಬದುಕಿದವರು ಬಂದು ಕಥೆ ಹೇಳುತ್ತಾರೆ, ಸತ್ತವರು ಹೇಳುವುದಿಲ್ಲ ಎಂದರೆ ಮುಗಿಯುತ್ತಿತ್ತು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿನ ಕೆಲಸ. ಅದನ್ನು ಬಿಟ್ಟು ಅವರು ಕೇಳಿದ್ದು ಬೇರೆ.

“ತಾವು ಡಾಕ್ಟರಿಕೆ ಓದಿದ್ದು ಎಲ್ಲಿ?”

ಗಂಡನ ಮುಖ ಅರಳಿತು. ಅವಮಾನವಾದ ಮನುಷ್ಯ ಉತ್ತರ ಕೊಡಬೇಕಾಗಿಲ್ಲ, ಎದ್ದು ಹೋದರೆ ಸಾಕು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಡಾಕ್ಟರು ಅಷ್ಟಕ್ಕೂ ಬಿಡದೆ, ನಾಯಿಗೆ ‘ಕೂತ್ಕೋ’ ಅಂತ ಕಲಿಸೋರೆಲ್ಲ ನನಗೆ ಪಾಠ ಹೇಳೋಕೆ ಬಂದ್ರೆ ಹೇಗೆ ಎಂದೂ, ಮಗುವಿಗೆ ಏನಾದರೂ ಆದರೆ ತನ್ನ ಬಾಗಿಲಿಗೆ ಓಡಿ ಬರಬಾರದು ಎಂದೂ ಸೇರಿಸಿದರು. ಅಲ್ಲಿಗೆ ಗಂಡ ಎದ್ದ, ಮಗುವಿನ ಬಾಯಿಂದ ಜಿರಾಫೆ ಕಿತ್ತ, ಮಗು ತನ್ನ ಸಣ್ಣ ದನಿಯಲ್ಲಿ ರಾಗ ಎಳೆಯಿತು. ಆ ದನಿಯಿಂದಲೇ ಅದಕ್ಕೆ ಪಿಟೀಲು ಎಂದು ಹೆಸರು ಬಿದ್ದಿತ್ತು.

ಅವಳಿಗೆ ಇಬ್ಬರನ್ನೂ ಕಂಡು ಹೇಸಿಗೆಯಾಯಿತು. ಒಬ್ಬ ಹೇಳುವುದು ಸರಿ, ಆದರೆ ಸರಿಯಾದದ್ದನ್ನು ಹೇಳುವ ಯೋಗ್ಯತೆಯಿಲ್ಲ. ಇನ್ನೊಬ್ಬ ಹೇಳುವುದೆಲ್ಲ ತಪ್ಪು, ಆದರೆ ಎಂಥ ಸೊಗಸಾದ ಮಾತುಗಾರ. ಇಬ್ಬರ ನಡುವೆ ಸೂಜಿಮದ್ದು ಮಾತ್ರ ಫ್ರಿಜ್ಜಿನಲ್ಲೇ ಉಳಿಯಿತು.

ಕಾರಿನಲ್ಲಿ ಅವನು ಉದ್ದಕ್ಕೂ ಮಾತಾಡಿದ. ಗೇಟಿನ ಬಳಿ ಇಳಿದು ಇಬ್ಬರೂ ಚಪ್ಪಲಿ ಹಾಕಿದ ಕಾಲನ್ನು ಔಷಧಿ ನೀರಿನ ತಟ್ಟೆಯಲ್ಲಿ ಅದ್ದಿದರು. ಆಮೇಲೆ ಅವನು ಬಗ್ಗಿ, ಮಗುವಿನ ತಳ್ಳುಗಾಡಿಯ ನಾಲ್ಕು ಚಕ್ರಗಳಿಗೂ ಒಂದೊಂದಾಗಿ ಔಷಧಿ ಸಿಂಪಡಿಸಿದ. ಹೊರಗಿನ ರೋಗ ಒಳಗಿನ ನಾಯಿಗಳಿಗೆ ತಗುಲಬಾರದಲ್ಲ.

ಅವರದು ನಾಯಿಗಳ ಹಾಸ್ಟೆಲ್. ಊರಿಗೆ ಹೋಗುವವರು ನಾಯಿಯನ್ನು ತಂದು ಬಿಡುತ್ತಾರೆ, ಬಂದು ಕರೆದೊಯ್ಯುತ್ತಾರೆ. ಕೆಳಗೆ ಕೌಂಟರು, ಹಿಂದೆ ಸಿಮೆಂಟಿನ ಉದ್ದನೆಯ ಅಂಗಳ, ಎರಡೂ ಬದಿಗೆ ಜಾಲರಿ ಬಾಗಿಲಿನ ಗೂಡುಗಳು, ಸಾಲಾಗಿ ಕವುಚಿಟ್ಟ ಸ್ಟೀಲಿನ ಬೋಗುಣಿಗಳು, ಸದಾ ಫಿನಾಯಿಲ್ ವಾಸನೆ. ಮೇಲೆ ಅವರ ಮನೆ. ಮನೆಗೂ ಹಾಸ್ಟೆಲಿಗೂ ಗೇಟು ಒಂದೇ. ಅವನು ನಾಯಿಗಳಿಗೆ ಶಿಸ್ತು ಕಲಿಸುವುದರಿಂದ ಕೆಲಸದವರೂ ಗಿರಾಕಿಗಳೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಕೌಂಟರಿನಲ್ಲಿ ಕೂರುವುದು ಅವಳ ಕೆಲಸ.

ಗೇಟಿನ ಮೇಲೆ ಮೇಷ್ಟ್ರೇ ಕೈಯಾರೆ ಬರೆದ ಬೋರ್ಡಿತ್ತು. ಲಸಿಕೆ ಹಾಕಿಸದವರಿಗೆ ಪ್ರವೇಶವಿಲ್ಲ. ಹೊಸದಾಗಿ ಹಾಕಿಸಿದವರಿಗೆ ಎರಡು ವಾರ ಕಳೆದ ಮೇಲೆ ಪ್ರವೇಶ. ‘ನಾಯಿಗಳಿಗೆ’ ಎಂದು ಬರೆಯಬೇಕಾದ ಕಡೆ ‘ಹಾಕಿಸದವರಿಗೆ’ ಎಂದು ಮರ್ಯಾದೆ ಕೊಟ್ಟು ಬರೆದಿದ್ದ, ನಾಯಿಗಳ ಮೇಲೆ ಅಷ್ಟು ಗೌರವ.

ಆ ಬೋರ್ಡು ಸುಮ್ಮನೆ ಬಂದದ್ದಲ್ಲ. ಹಾಸ್ಟೆಲ್ ಶುರುವಾದ ಹೊಸದರಲ್ಲಿ, ಪರಿಚಯದವರ ದಾಕ್ಷಿಣ್ಯಕ್ಕೆ, ಲಸಿಕೆಯಿಲ್ಲದ ಒಂದು ನಾಯಿಯನ್ನು ಒಳಗೆ ಬಿಟ್ಟುಕೊಂಡಿದ್ದರು. ಅದು ಹೊಟ್ಟೆ ಕೆಟ್ಟು, ನಾಲ್ಕು ದಿನ ಮಂಕಾಗಿದ್ದು, ಬಾಲ ಅಲ್ಲಾಡಿಸಿಕೊಂಡು ಮನೆಗೆ ಹೋಯಿತು. ಪಕ್ಕದ ಗೂಡಿನ ಎಳೆ ಮರಿಗಳು ಮಾತ್ರ ರಕ್ತಭೇದಿಯಾಗಿ ಒಂದರ ಹಿಂದೊಂದು ಸತ್ತವು. ಮೇಷ್ಟ್ರು ಅವುಗಳ ಪಕ್ಕದಲ್ಲೇ ಸಿಮೆಂಟಿನ ಮೇಲೆ ಮಲಗಿ ಚಮಚದಲ್ಲಿ ನೀರು ಹನಿಸಿದ್ದ, ಕೊನೆಗೆ ಹಾಸಿಗೆಯನ್ನೆಲ್ಲ ಸುಟ್ಟು, ತೋಳಿನಿಂದ ಮೂಗು ಒರೆಸಿಕೊಳ್ಳುತ್ತಾ ಮಗುವಿನಂತೆ ಅತ್ತಿದ್ದ. ಇಂಥವನನ್ನು ಕಟ್ಟಿಕೊಂಡೆನಲ್ಲ ಎಂದು ಅವಳಿಗೆ ಅವತ್ತು ಹೆಮ್ಮೆಯಾಗಿತ್ತು.

ಅಂದಮೇಲೆ ಅವನಿಗೆ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಗೊತ್ತಿದೆ. ಅವಳು ಇದನ್ನು ಎಷ್ಟೋ ಸಲ ತಿರುಗಿಸಿ ಮುರುಗಿಸಿ ನೋಡಿ ಕೊನೆಗೆ ಒಂದೇ ತೀರ್ಮಾನಕ್ಕೆ ಬಂದಿದ್ದಳು. ಕೌಂಟರಿನಲ್ಲಿ ಮೇಜಿನ ಈಚೆ ನಿಂತು ಹೇಳುವವನು ಅವನು. ಡಾಕ್ಟರ ಕೋಣೆಯಲ್ಲಿ ಮೇಜಿನ ಆಚೆ ಕೂತು ಕೇಳಬೇಕು. ಅದೇ ನೋವು. ಮಗುವಿನ ಮೈಯೂ ಅಲ್ಲ, ಕಂಪನಿಗಳ ವ್ಯಾಪಾರವೂ ಅಲ್ಲ, ಬರೀ ಕುರ್ಚಿ ಯಾವ ಕಡೆಗಿದೆ ಎಂಬುದು. ಇಷ್ಟು ಅಗ್ಗದ ಕಾರಣಕ್ಕೆ ಮಗಳ ಪ್ರಾಣವನ್ನು ಒತ್ತೆಯಿಡುವವನ ಜೊತೆ ಒಂದೇ ಸೂರಿನಡಿ ಮಲಗುತ್ತಿದ್ದೇನೆ ಎಂದುಕೊಂಡಾಗ ಅವಳ ಪಿತ್ತ ನೆತ್ತಿಗೇರುತ್ತಿತ್ತು.

ಹಾಗಾದರೆ ಅವಳೇ ಹೋಗಿ ಹಾಕಿಸಬಹುದಿತ್ತಲ್ಲ? ಬಹುದಿತ್ತು. ತನಗೆ ಹೇಳದೆ ಹಾಕಿಸಿದರೆ ತಾನು ಸುಮ್ಮನಿರುವವನಲ್ಲ ಎಂದು ಅವನು ಹೇಳಿಟ್ಟಿದ್ದ. ಅದಕ್ಕೆ ಅವಳು ಹೆದರಿದಳು, ಹೆದರಿದ್ದಕ್ಕೆ ತನ್ನ ಮೇಲೆ ತಾನೇ ಅಸಹ್ಯಪಟ್ಟಳು. ಜೊತೆಗೆ ಕಳ್ಳಿಯ ಹಾಗೆ ಹಿಂಬಾಗಿಲಿನಿಂದ ಮಗಳನ್ನು ಎತ್ತಿಕೊಂಡು ಹೋಗುವುದು ಅವಳಿಗೆ ಸಹಿಸಲಾಗದ ಮಾತು. ತಪ್ಪು ಅವನದು, ಕದ್ದು ಓಡಾಡಬೇಕಾದವಳು ತಾನೇ?

ಅಷ್ಟರಲ್ಲಿ ಪಿಟೀಲು ದಿನಾ ಹೋಗುತ್ತಿದ್ದ ಶಿಶುವಿಹಾರದ ಟೀಚರು ಫೋನು ಮಾಡಿದರು. ಇನ್ನೊಂದು ಕೋಣೆಯ ಮಗುವಿಗೆ ದಡಾರ ಎದ್ದಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಸದ್ಯಕ್ಕೆ ಶಿಶುವಿಹಾರ ಮುಚ್ಚಿದೆ, ಪಿಟೀಲಿಗೆ ಲಸಿಕೆ ಆಗಿದೆ ತಾನೇ ಎಂದು ಕೇಳಿದರು. ಅವಳು ಹಿಂದಿನ ಅಂಗಳಕ್ಕೆ ಓಡಿದಳು. ಮೇಷ್ಟ್ರು ನಾಯಿಗಳಿಗೆ ಅನ್ನ ಕಲೆಸುತ್ತಿದ್ದ. ಅವಳು ಹೇಳಿದ್ದನ್ನು ಕೇಳಿ, ಕೈ ನಿಲ್ಲಿಸದೆಯೇ, “ಒಳ್ಳೇದೇ ಆಯ್ತು ಬಿಡು. ಒಂದ್ಸಲ ಬಂದು ಹೋಗ್ಲಿ, ಜೀವಮಾನಕ್ಕೆ ಚಿಂತೆ ಇರಲ್ಲ” ಎಂದ.

ಅವಳು ಅವನ ಕೈಯನ್ನೇ ನೋಡಿದಳು. ಒಂದು ನಾಯಿಗೆ ಮಾಂಸ ಆಗದು, ಇನ್ನೊಂದಕ್ಕೆ ಮೊಟ್ಟೆ ಆಗದು ಎಂದು ಬೋಗುಣಿ ಬೋಗುಣಿಗೆ ಬೇರೆ ಬೇರೆ ಕಲೆಸುವ ಕೈ. ಅವಳಿಗೆ ಅವನ ಮೇಲೆ ಇದ್ದದ್ದು ಅಲ್ಲಿಯವರೆಗೆ ಸಿಟ್ಟು, ಸಿಟ್ಟಿನೊಳಗೆ ಇನ್ನೂ ಎಲ್ಲೋ ಒಂದಿಷ್ಟು ಸಲಿಗೆ ಇರುತ್ತದೆ. ಆ ಮಾತಿನ ನಂತರ ಅದೂ ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬ ನಿವೃತ್ತ ಜಡ್ಜು ಬಂದರು. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು, ಪಕ್ಕದಲ್ಲಿ ಕರುವಿನಷ್ಟು ಎತ್ತರದ ಕರಿ ನಾಯಿ. ಸಂಬಂಧಿಕರ ಮದುವೆಗೆ ಮರುದಿನವೇ ಹೊರಡಬೇಕಿತ್ತು. ಲಸಿಕೆಯ ಪುಸ್ತಕ ಎಲ್ಲಿ ಎಂದು ಅವಳು ಕೇಳಿದಾಗ, ನಾಯಿಗೆ ಅಂಥದ್ದೇನೂ ಹಾಕಿಸಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದರು. ಅವನಿಗೆ ಮನೆಯ ಊಟವಂತೆ, ಮನೆಯ ಆರೈಕೆಯಂತೆ, ಹುಟ್ಟಿದಾಗಿನಿಂದ ಒಂದು ಸೀನು ಸೀನಿಲ್ಲವಂತೆ. ಚುಚ್ಚುಮದ್ದೆಲ್ಲ ಕಂಪನಿಗಳ ವ್ಯಾಪಾರವಂತೆ. ರೋಗ ಬಂದರೂ ಬಂದು ಹೋಗಲಿ, ಮೈ ಇನ್ನೂ ಗಟ್ಟಿಯಾಗುತ್ತದಂತೆ.

ಪಿಟೀಲನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ಅವಳು ಗಂಡನ ಕಡೆ ನೋಡಿದಳು. ಮೇಷ್ಟ್ರು ಕೈ ಒರೆಸಿಕೊಂಡು ಆಗಲೇ ಕೌಂಟರಿಗೆ ಬಂದಿದ್ದ. ಅವನ ಕಿವಿ ಕೆಂಪಾಗಿತ್ತು.

“ಸಾರ್, ನಿಮ್ಮ ನಾಯಿ ಗಟ್ಟಿ ಇರ್ಬಹುದು. ಅದು ಗಟ್ಟಿ ಅಂತ ತೋರ್ಸೋಕೆ ಪಕ್ಕದ ಮರಿ ಸಾಯಬೇಕಾ? ರೋಗ ಬಂದು ಹೋಗ್ಲಿ ಅಂತೀರಲ್ಲ, ಅದು ಬಂದಾಗ ಹೋಗೋದು ರೋಗಾನೋ ಜೀವಾನೋ ನಿಮಗೆ ಗೊತ್ತಾ? ನಾನು ನೋಡಿದೀನಿ ಸಾರ್, ಈ ಕೈಯಲ್ಲೇ ಮಣ್ಣು ಮಾಡಿದೀನಿ. ನೀವು ಕೋರ್ಟಲ್ಲಿ ದೊಡ್ಡೋರು, ಒಪ್ಕೊಳ್ತೀನಿ. ಗೊತ್ತಿಲ್ಲದ ವಿಷಯದಲ್ಲಿ ಗೊತ್ತಿರೋರ ಮಾತು ಕೇಳ್ಬೇಕು.”

ಎಷ್ಟು ಚೆನ್ನಾಗಿ ಹೇಳಿದ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಡಾಕ್ಟರು ಹೇಳಬೇಕಾಗಿದ್ದೂ ಇದನ್ನೇ. ಜಡ್ಜು ಮೆತ್ತಗಾಗಿ, ಈಗಲೇ ಹೋಗಿ ಹಾಕಿಸಿಕೊಂಡು ಬರುತ್ತೇನೆ, ಸಂಜೆ ಸೇರಿಸಿಕೊಳ್ಳುತ್ತೀರಾ ಎಂದರು. ಮೇಷ್ಟ್ರು ತಲೆ ಅಲ್ಲಾಡಿಸಿ, ಮದ್ದು ಮೈಗೆ ಹಿಡಿಯಲು ಎರಡು ವಾರ ಬೇಕು, ಅಲ್ಲಿಯವರೆಗೆ ಸಾಕ್ಷಾತ್ ದೇವರ ನಾಯಿಯಾದರೂ ಗೇಟಿನೊಳಗೆ ಬಿಡುವುದಿಲ್ಲ ಎಂದ. ಜಡ್ಜು ನಾಯಿಯನ್ನು ಎಳೆದುಕೊಂಡು ಹೊರಟರು, ಇಬ್ಬರಲ್ಲಿ ಬಾಲ ಮುದುರಿಕೊಂಡದ್ದು ಯಾರು ಎಂದು ಹೇಳುವುದು ಕಷ್ಟವಿತ್ತು.

“ನೋಡಿದ್ಯಾ? ಇಷ್ಟು ಓದಿ ಏನು ಬಂತು. ಇಂಥವರಿಗೆ ಒಂದು ಜೀವ ಸಾಕೋ ಯೋಗ್ಯತೆ ಇದ್ಯಾ?” ಎಂದ ಮೇಷ್ಟ್ರು ಅವಳತ್ತ ತಿರುಗಿ. ಹೊಗಳಿಕೆಗೆ ಕಾಯುವ ಮುಖ.

“ಇಲ್ಲ” ಎಂದಳು ಅವಳು.

ಮೇಲೆ ಹೋಗಿ ಮಗುವಿನ ಬಟ್ಟೆಯ ಚೀಲ ತಂದಳು, ತನ್ನದೂ ಒಂದಿಷ್ಟು ಬಟ್ಟೆ ಅದಕ್ಕೇ ತುರುಕಿದ್ದಳು. ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿ ಗೇಟು ತೆರೆದಳು. ಎಲ್ಲಿಗೆ ಎಂದು ಅವನು ಕೂಗಿದ. ಜಡ್ಜು ಇನ್ನೂ ರಸ್ತೆಯ ಪಕ್ಕದಲ್ಲಿ ನಾಯಿಯನ್ನು ಕಾರಿಗೆ ಹತ್ತಿಸಲು ಒದ್ದಾಡುತ್ತಿದ್ದರು. ಅವರಿಗೆ ಕೇಳಲಿ ಎಂದೇ ಅವಳು ದನಿ ತಗ್ಗಿಸಲಿಲ್ಲ.

“ಹಾಕಿಸದೇ ಇರೋರಿಗೆ ಪ್ರವೇಶ ಇಲ್ಲ ಅಂದ್ರಲ್ಲ. ಇವಳಿಗೂ ಹಾಕ್ಸಿಲ್ಲ. ಹಾಕಿಸ್ತೀನಿ.”

ಜಡ್ಜು ತಿರುಗಿ ಮಗುವನ್ನು ನೋಡಿದರು, ಬೋರ್ಡು ನೋಡಿದರು, ಆಮೇಲೆ ಮೇಷ್ಟ್ರ ಮುಖ ನೋಡಿದರು. “ಮಗೂಗೆ ಹಾಕ್ಸಿಲ್ವೇನ್ರೀ?” ಎಂದರು, ಯಾವ ಕುಹಕವೂ ಇಲ್ಲದೆ, ನಿಜವಾಗಿ ಆಶ್ಚರ್ಯಪಟ್ಟು. ಮೇಷ್ಟ್ರು ಬಗ್ಗಿ, ಔಷಧಿ ನೀರಿನ ತಟ್ಟೆಯನ್ನು ಸರಿಮಾಡತೊಡಗಿದ.

ಡಾಕ್ಟರು ಅವಳೊಬ್ಬಳೇ ಮಗುವನ್ನು ಎತ್ತಿಕೊಂಡು ಬಂದದ್ದು ನೋಡಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಮುಗುಳ್ನಕ್ಕರು. ಅಂತೂ ಬುದ್ಧಿ ಬಂತು ಅನ್ನಿ ಎಂದರು.

“ಬುದ್ಧಿ ಮೊದಲೇ ಇತ್ತು ಡಾಕ್ಟ್ರೇ. ಅವತ್ತು ನೀವು ಗೆಲ್ಲೋಕೆ ನೋಡಿದ್ರಿ, ನಮ್ಮೋರೂ ಗೆಲ್ಲೋಕೆ ನೋಡಿದ್ರು. ಮಗು ಯಾರಿಗೂ ಕಾಣಿಸ್ಲಿಲ್ಲ. ಈಗ ನೀವು ಮಾತಾಡ್ಬೇಡಿ, ಸೂಜಿ ಹಾಕಿ ಸಾಕು.”

ಅವರು ಎದ್ದು ಫ್ರಿಜ್ಜು ತೆರೆದು, ಪಿಟೀಲಿನ ತೋಳಿಗೆ ಸೂಜಿ ಹಾಕಿದರು. ಅವಳ ಪಾಲಿಗೆ ಅವರು ಆ ಕೋಣೆಯಲ್ಲಿ ಮಾಡಿದ ಮೊದಲ ಒಳ್ಳೆಯ ಕೆಲಸ ಅದು. ಪಿಟೀಲು ಬೀದಿಗೆ ಕೇಳುವ ಹಾಗೆ ರಾಗ ಎಳೆದು, ಆಮೇಲೆ ಜಿರಾಫೆ ಕಂಡು ಸುಮ್ಮನಾಯಿತು. ಅವಳು ಜಿರಾಫೆಯನ್ನು ಡಾಕ್ಟರ ಕೈ ತೊಳೆಯುವ ಬೇಸಿನ್ನಿನಲ್ಲಿ ಸೋಪು ಹಾಕಿ ತೊಳೆದು ಕೊಟ್ಟಳು.

ಅಲ್ಲಿಂದ ನೇರ ಅಕ್ಕನ ಮನೆಗೆ ಹೋದಳು. ಅಕ್ಕ ಏನೂ ಕೇಳದೆ ನಡುಮನೆಯ ಸೋಫಾ ಖಾಲಿ ಮಾಡಿದಳು. ಸಂಜೆಯಾಗುವ ಹೊತ್ತಿಗೆ ಮೇಷ್ಟ್ರ ಫೋನು ಬಂತು. ಬೈಯುತ್ತಾನೆ ಎಂದುಕೊಂಡಿದ್ದಳು. ಅವನು, ಪಿಟೀಲು ತುಂಬ ಅತ್ತಳಾ ಎಂದು ಕೇಳಿದ. ಮರಿಗಳು ಸತ್ತ ದಿನದ ದನಿ ಅದು. ಅತ್ತಳು, ಆಮೇಲೆ ನಕ್ಕಳು ಎಂದಳು. ಮನಸ್ಸು ಒಂದು ಗಳಿಗೆ ಮೆತ್ತಗಾಯಿತು, ಆದರೆ ‘ಬಂದು ಹೋಗ್ಲಿ’ ಎಂದದ್ದೂ ಇದೇ ದನಿಯ ಮನುಷ್ಯನೇ.

“ಯಾವಾಗ ಬರ್ತೀಯ? ಕಾರು ತರ್ತೀನಿ” ಎಂದ.

“ಎರಡು ವಾರ ಆಗ್ಬೇಕು. ಮದ್ದು ಮೈಗೆ ಹಿಡೀಬೇಕಲ್ಲ. ಬೋರ್ಡಲ್ಲೇ ಇದೆ, ಹೊರಗೆ ಹೋಗಿ ಓದ್ಕೊಳ್ಳಿ.”

ಆ ಕಡೆ ನಾಯಿಗಳು ಬೊಗಳುತ್ತಿದ್ದವು. ಕೌಂಟರಿನ ಗಂಟೆ ಬಾರಿಸಿತು, ಒಂದು ಹೆಂಗಸಿನ ದನಿ ಕೇಳಿತು. ಮೇಷ್ಟ್ರು ಫೋನು ಕೆಳಗಿಡಲೂ ಮರೆತು, ಲಸಿಕೆ ಹಾಕಿಸಿದ್ದೀರಾ ಎಂದು ಕೇಳಿದ. ಆ ಹೆಂಗಸು, ಇಲ್ಲ ಸಾರ್, ಆದ್ರೆ ನಮ್ಮ ನಾಯಿ ಮನೆ ಬಿಟ್ಟು ಹೊರಗೇ ಹೋಗಲ್ಲ, ತುಂಬ ಗಟ್ಟಿ, ಅದಕ್ಕೆ ಅದೆಲ್ಲ ಏನೂ ಬೇಡ ಎಂದು ಶುರು ಮಾಡಿದಳು. ಅಕ್ಕನ ಮನೆಯಲ್ಲಿ ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಈ ಮಾತಿಗೆ ಮೇಷ್ಟ್ರ ಬಳಿ ಎಂಥ ಉತ್ತರವಿದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಬಹಳ ಹೊತ್ತು ಕಾದಳು. ಅವನು ಏನೂ ಹೇಳಲಿಲ್ಲ. ಹೆಂಗಸು “ಸಾರ್, ಕೇಳಿಸ್ತಾ?” ಎಂದಳು. ಅವಳು ಫೋನು ಇಟ್ಟು, ಮಗಳಿಗೆ ಊಟ ಮಾಡಿಸಲು ಎದ್ದಳು.