ಕೆಳಮೂಲೆಯ ಗಿಡ

ಮೈಮೇಲೆ ಬಂದ ದೇವರು ಇಳಿದಾಗ ಚೆಬೆರಾಮನ ಬೆರಳಲ್ಲಿ ಕೆಂಪು ದಾರದ ಒಂದು ಎಳೆ ಉಳಿದಿತ್ತು. ಮಿಕ್ಕದ್ದೆಲ್ಲ ಎದುರಿಗಿದ್ದ ಭಂಗಿ ಗಿಡದ ಕಾಂಡಕ್ಕೆ ಬಿಗಿಯಾಗಿ ಸುತ್ತಿಕೊಂಡಿತ್ತು. ಡೋಲು ನಿಂತಿತ್ತು. ದೇವರ ಹೊಲ, ದೇವರ ಭಂಡಾರ, ದೇವರ ಸಿಟ್ಟು ಎಲ್ಲವನ್ನೂ ನೋಡಿಕೊಳ್ಳುವ ಕಾರದಾರ ನೂಪರಾಮ, ನೆಲಕ್ಕೆ ಬಿದ್ದಿದ್ದ ಟೋಪಿಯನ್ನು ಎತ್ತಿ ಕೊಡವಿ ಚೆಬೆರಾಮನ ಬಿಚ್ಚುಗೂದಲ ಮೇಲಿಟ್ಟ. ಟೋಪಿ ತಲೆಗೆ ಬಂತೆಂದರೆ, ದೇವರು ಮೈಮೇಲೆ ಬರುವ ಗುರ ಮತ್ತೆ ಬರೀ ಮನುಷ್ಯ. ಬಾಗಣದ ಊರವರಿಗೆಲ್ಲ ಇದು ಗೊತ್ತು.

"ಈ ಸಲ ನಮ್ಮ ದೇವರು ಧಾರಾನಾಗನಿಗೆ ಹೊಲದ ಕೆಳಮೂಲೆ ಹಿಡಿಸಿತು ನೋಡು," ಎಂದ ನೂಪರಾಮ. "ನಾನು ಕಂಡ ಹಾಗೆ ಯಾವತ್ತೂ ಮೇಲ್ಮೂಲೆಗೇ ಹತ್ತೋನು. ಇರಲಿ, ಅವನಿಷ್ಟ."

ಚೆಬೆರಾಮ ಗಿಡ ನೋಡಿದ. ಮಂಜಿನಲ್ಲಿ ಮೊದಲು ಎತ್ತರವಷ್ಟೇ ಕಂಡಿತು. ಆಮೇಲೆ ಎಲೆ ಕಂಡಿತು. ಬಾಗಣದ ಭಂಗಿಯ ಎಲೆ ಸಪೂರ, ತಿಳಿಹಸಿರು; ಇದರ ಎಲೆ ಅಗಲ, ಕಪ್ಪುಹಸಿರು. ಸುತ್ತಲಿನ ಗಂಡುಗಿಡಗಳ ಮೊಗ್ಗು ಇಂದೋ ನಾಳೆಯೋ ಬಿರಿಯುವಂತಿದ್ದರೆ ಇದರದ್ದು ಇನ್ನೂ ಕಾಳಿನಂತೆ ಗಟ್ಟಿ. ಮೂಗಿಗೆ ಬಂದ ವಾಸನೆಯೂ ಬಾಗಣದ್ದಲ್ಲ, ಕೊಳೆತ ಹಣ್ಣಿನ ಸಿಹಿ. ಅವನ ಬಾಯಿ ತೆರೆಯಿತು. ಅಷ್ಟರಲ್ಲಿ ಹೆಂಗಸರು ಸೋಬಾನೆ ಎತ್ತಿಕೊಂಡರು, ಗಂಡಸರು ಮಿಕ್ಕ ಗಂಡುಗಿಡಗಳನ್ನು ಕೀಳಲು ಬಗ್ಗಿದರು. ತೆರೆದ ಬಾಯಿ ಮುಚ್ಚಿಕೊಂಡಿತು.

ಶ್ರಾವಣದಲ್ಲಿ ದೇವರ ಹೊಲದ ಗಂಡುಗಿಡಗಳನ್ನೆಲ್ಲ ಬಿರಿಯುವ ಮೊದಲೇ ಕೀಳುತ್ತಾರೆ. ಒಂದನ್ನು ಮಾತ್ರ ಉಳಿಸುತ್ತಾರೆ. ಅದನ್ನು ಆರಿಸುವವನು ದೇವರು, ದಾರ ಕಟ್ಟುವುದು ಗುರನ ಕೈ. ಕಟ್ಟಿದ ಮೇಲೆ ಯಾರೂ ಅದನ್ನು ಮುಟ್ಟುವಂತಿಲ್ಲ, ಕುಡುಗೋಲು ಹಿಡಿದು ಹತ್ತಿರ ಹಾಯುವಂತಿಲ್ಲ. ಆ ಒಂದರ ಹೂವಿನ ಧೂಳಿನಿಂದ ಹೊಲದ ಹೆಣ್ಣುಗಿಡಗಳೆಲ್ಲ ಕಾಳು ಕಟ್ಟಬೇಕು. ಹಿಮ ಕರಗಿದಾಗ ಮನೆಮನೆಯವರು ಚೀಲ ಹಿಡಿದು ಬಂದು ಬಿತ್ತನೆ ಒಯ್ಯುವುದು ಆ ಕಾಳನ್ನೇ. ಚಳಿಗಾಲದಲ್ಲಿ ಹಬೆಯಲ್ಲಿ ಬೇಯಿಸುವ ಸಿಡ್ಡು ರೊಟ್ಟಿಯ ಹೂರಣ, ದೀಪದ ಎಣ್ಣೆ, ದೇವರಂಗಳಕ್ಕೆ ಮೆಟ್ಟಿಕೊಂಡು ಹೋಗುವ ನಾರಿನ ಜೋಡು, ಎಲ್ಲ ಅದರಿಂದಲೇ. ಗಂಡಸರು ಅಂಗೈಯಲ್ಲಿ ಅಮಲಿನ ಅಂಟು ಉಜ್ಜಿ ತೆಗೆದು ಹೊರಗಿನವರಿಗೆ ಮಾರುವುದೂ ಅದರಿಂದಲೇ, ಆದರೆ ಆ ಮಾತನ್ನು ದೇವರ ಮುಂದೆ ಯಾರೂ ಎತ್ತುವುದಿಲ್ಲ.

ಸಂಜೆ ಒಲೆಯ ಪಕ್ಕ ಹೆಂಡತಿ ಖಿಮಿ ಅವನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ತಮ್ಮ ಲುದರ ಬಾಗಿಲಲ್ಲಿ ಜೋಡು ಕಳಚಿ ನಗುತ್ತ ಒಳಗೆ ಬಂದ.

"ಅಣ್ಣ, ಕೊನೆಗೂ ದೇವರು ನನ್ನ ಕಡೆ ಕಣ್ಣು ಬಿಟ್ಟ. ಹೊಲದಲ್ಲಿ ಅಷ್ಟು ಗಿಡ ಇದ್ರೂ ಹುಡುಕ್ಕೊಂಡು ಬಂದು ನನ್ನದಕ್ಕೇ ದಾರ ಕಟ್ಟಿದ."

ಖಿಮಿಯ ಕೈ ನಿಂತಿತು. "ನಿನ್ನದು ಅಂದ್ರೆ?"

"ನದಿ ಹತ್ರ ಬಾಡಿಗೆಗಿದ್ದನಲ್ಲ ಆ ಪರದೇಶದವನು, ಹೋಗೋವಾಗ ಕಾಗದದಲ್ಲಿ ಕಟ್ಟಿ ಒಂದಿಷ್ಟು ಬೀಜ ಕೊಟ್ಟಿದ್ದ ಅತ್ತಿಗೆ. ಹೂವು ಅಂದ್ರೆ ಮುಷ್ಟಿ ಗಾತ್ರ ಬರುತ್ತಂತೆ. ನಮ್ಮ ಹೊಲಕ್ಕೆ ಹಾಕಿದ್ರೆ ಪೊಲೀಸರು ಬಂದು ಕಿತ್ತು ಹಾಕ್ತಾರೆ. ದೇವರ ಹೊಲಕ್ಕೆ ಯಾರು ಬರ್ತಾರೆ ಹೇಳು? ಕೆಳಮೂಲೆಯಲ್ಲಿ ಊರಿದೆ. ಒಂದೇ ಬದುಕಿತು. ಅದೂ ಗಂಡು ಅಂತ ಇವತ್ತು ಗೊತ್ತಾಯ್ತು."

"ತಲೋಗಿಯವರಿಗೂ ಹೀಗೇ ಯಾರೋ ಕೊಟ್ಟಿದ್ದು," ಎಂದಳು ಖಿಮಿ.

ಲುದರನ ನಗು ಅಲ್ಲೇ ಒಣಗಿತು. ಎದುರಿನ ಇಳಿಜಾರಿನ ತಲೋಗಿಯ ಕಥೆ ಅವನಿಗೂ ಗೊತ್ತಿತ್ತು. ಹೊರಗಿನ ಗಿಡದ ಧೂಳು ಬೆರೆತ ಮಾರನೇ ವರ್ಷ ಅವರ ಭಂಗಿ ಮನೆಯೆತ್ತರ ಬೆಳೆಯಿತು. ನೋಡಲು ಹೋದವರೆಲ್ಲ ಹೊಟ್ಟೆ ಉರಿದುಕೊಂಡು ಬಂದರು. ಆಶ್ವಯುಜ ಕಳೆದರೂ ಅದು ಹಸಿರಾಗಿಯೇ ನಿಂತಿತ್ತು, ಒಂದು ಕಾಳೂ ಗಟ್ಟಿಯಾಗಲಿಲ್ಲ. ಈ ಎತ್ತರದಲ್ಲಿ ಹಿಮ ಯಾರಿಗೂ ಕಾಯುವುದಿಲ್ಲ. ಬಿದ್ದ ಮರುದಿನ ಇಡೀ ಹೊಲ ಕರಿಬಟ್ಟೆಯಂತೆ ನೆಲಕ್ಕೆ ಅಂಟಿತ್ತು. ಆವತ್ತಿನಿಂದ ತಲೋಗಿಯವರು ಬಿತ್ತನೆಗೆ ಬಾಗಣದ ಅಂಗಳದಲ್ಲಿ ನಿಲ್ಲುತ್ತಾರೆ. ಬಾಗಣದವರು ಹೋಗಿ ನಿಲ್ಲಲು ಇನ್ನೊಂದು ಊರಿಲ್ಲ. ಕಳೆದ ವರ್ಷ ಆಲಿಕಲ್ಲು ಹೊಡೆದು ಕಾಳು ಉದುರಿದ್ದರಿಂದ ಈ ಸಲ ಬೀಜದ ಪೆಟ್ಟಿಗೆಯನ್ನು ಗುಡಿಸಿ ಬಿತ್ತಿದ್ದರು.

"ನಾಳೆ ನಾನೇ ಕಾರದಾರ್ರಿಗೆ ಹೇಳಿಬಿಡ್ತೀನಿ," ಎಂದ ಲುದರ.

"ಏನಂತ? ಪರದೇಶದ ಬೀಜ ಊರಿದೆ, ಅದಕ್ಕೆ ದೇವರು ಮೋಸ ಹೋದ ಅಂತಲೇ?" ಎಂದ ಚೆಬೆರಾಮ. "ದಾರ ಬಿದ್ದ ಮೇಲೆ ಅದು ದೇವರ ಗಿಡ. ನೀನು ಹೇಳಿದ್ರೆ ನಿನ್ನ ಬೆನ್ನು ಮುರೀತಾರೆ, ಗಿಡ ಅಲ್ಲೇ ಇರುತ್ತೆ. ಮುಚ್ಚಿಕೊಂಡು ಕೂತಿರು."

ಲುದರ ಹೋದ ಮೇಲೆ ಖಿಮಿ ಮತ್ತೆ ಮಂಡಿ ತಿಕ್ಕತೊಡಗಿದಳು. "ದೇವರಿಗೂ ಮಂಡಿನೋವು ಶುರುವಾಯ್ತೇನು?" ಎಂದಳು. "ನಿನ್ನೆ ರಾತ್ರಿ ಮೇಲ್ಮೂಲೆಗೆ ಹೆಂಗೆ ಹತ್ತಲಿ ಅಂತ ನರಳ್ತಿದ್ರಿ. ಇವತ್ತು ನೋಡಿದ್ರೆ ಅವನು ಕೆಳಗಿಳಿದ."

ಇಡೀ ದಿನ ಅವನ ತಲೆ ತಿನ್ನುತ್ತಿದ್ದದ್ದೂ ಅದೇ. "ನೋವು ಇರಲಿಲ್ಲ ಖಿಮಿ," ಎಂದ. "ಮೈ ನಡುಗಕ್ಕೆ ಶುರುವಾದ ಮೇಲೆ ಚೂರೂ ಇರಲಿಲ್ಲ. ಅವನೇ ಬಂದಿದ್ದ. ಅದಕ್ಕೇ ಹೆದರಿಕೆ ನನಗೆ. ಅವನೇ ಬಂದು ಅದನ್ನೇ ಆರಿಸಿದ ಅಂದ್ರೆ ಏನರ್ಥ?"

ಖಿಮಿ ಎಣ್ಣೆಯ ಬಟ್ಟಲನ್ನು ಗೂಡಿನಲ್ಲಿಟ್ಟು ಒಲೆಗೆ ಇನ್ನೊಂದು ಸೌದೆ ನೂಕಿದಳು.

ಹಿಂದೊಮ್ಮೆ ಗುರನೊಬ್ಬ ಬಾಯಿ ಬಿಟ್ಟಿದ್ದ. ಅವನು ಚೆಬೆರಾಮನ ದೊಡ್ಡಪ್ಪ. ಆವತ್ತು ಮಾತಾಡಿದ್ದು ದೇವರಲ್ಲ, ನಾನು ಎಂದು ಜನರ ಮುಂದೆ ಹೇಳಿದ. ಕಾರದಾರ ಟೋಪಿಯನ್ನು ವಾಪಸು ಕೊಡಲಿಲ್ಲ. ದೇವರಂಗಳದಲ್ಲೇ ಅವನ ಕೂದಲು ಬೋಳಿಸಿದರು. ಯಾವ ಮನೆಯವರೂ ಅವನಿಗೆ ಕೆಂಡ ಕೊಡಲಿಲ್ಲ, ಜೊತೆಗೆ ಕೂತು ಉಣ್ಣಲಿಲ್ಲ. ಮೇಲಿನ ಕುರಿದೊಡ್ಡಿಗೆ ಹೋಗಿ ಸೇರಿಕೊಂಡ. ಒಂದು ವರ್ಷ ಹಿಮ ಕರಗಿದಾಗ ಬಾಲಕ ಚೆಬೆರಾಮನೂ ದೊಡ್ಡವರ ಹಿಂದೆ ಹೋಗಿ ಅವನನ್ನು ನೋಡಿದ್ದ. ಮಂಡಿ ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದ, ಬೆಂಕಿ ಕಾಯಿಸಿಕೊಳ್ಳುತ್ತಿರುವವನ ಹಾಗೆ. ಎದುರಿಗೆ ಬೆಂಕಿ ಇರಲಿಲ್ಲ, ಮೈಯಲ್ಲಿ ಉಸಿರೂ ಇರಲಿಲ್ಲ.

ಮಂಜು ಬಿಡಲೇ ಇಲ್ಲ. ಬೆಳಗಾದರೂ ಬೆಳಕಿಲ್ಲ, ಒಣಹಾಕಿದ ಬಟ್ಟೆಗೆ ಬೂಷ್ಟು. ಊರವರು ಬಿಸಿಲಿಗಾಗಿ ಹರಕೆ ಹೊತ್ತರು. ಚೆಬೆರಾಮನೊಬ್ಬ ಮಾತ್ರ ಬಿಸಿಲು ಬಾರದಿರಲಿ ಎಂದು ಬೇಡುತ್ತಿದ್ದ. ಗಾಳಿ ಒದ್ದೆಯಾಗಿರುವಷ್ಟು ದಿನ ಮೊಗ್ಗು ಬಿರಿದರೂ ಧೂಳು ಹಾರುವುದಿಲ್ಲ. ಕುರಿ ನೋಡುವ ನೆಪದಲ್ಲಿ ದಿನಾ ಹೊಲಕ್ಕೆ ಹೋಗಿಬರುತ್ತಿದ್ದ. ಕೆಳಮೂಲೆಯದು ದಿನದಿನಕ್ಕೆ ಊದಿಕೊಳ್ಳುತ್ತಿತ್ತು, ಮೊಗ್ಗಿನ ಗೊಂಚಲುಗಳು ಜೋತುಬಿದ್ದಿದ್ದವು. ದಾರಿಯಲ್ಲಿ ಸಿಕ್ಕವರು, "ದೇವರ ಗಿಡ ಈ ಸಲ ಏನು ಸೊಕ್ಕಿದೆ ಗುರ," ಎಂದು ಕೈಮುಗಿಯುತ್ತಿದ್ದರು. ಅವನೂ ಮುಗಿಯುತ್ತಿದ್ದ.

ಹಾಗೆ ಹೋದಾಗಲೇ ಒಂದು ದಿನ ಮೇಲ್ಮೂಲೆಯಲ್ಲಿ ಬಂಡೆಯ ಸಂದಿಗೆ ಅಂಟಿಕೊಂಡು ಒಂದು ಗಂಡುಗಿಡ ನಿಂತಿರುವುದು ಕಂಡಿತು. ಮೊಣಕಾಲೆತ್ತರ, ಸಪೂರ ಎಲೆ, ಬಾಗಣದ್ದೇ. ದಾರ ಕಟ್ಟುವವರೆಗೆ ಮೇಲ್ಮೂಲೆಗೆ ಕೈ ಹಾಕುವ ಪದ್ಧತಿಯಿಲ್ಲ. ಆವತ್ತು ದೇವರು ಕೆಳಗಿಳಿದ ಗಲಿಬಿಲಿಯಲ್ಲಿ ಎಲ್ಲರೂ ಹಿಂದೆ ಓಡಿದ್ದರು, ಆಮೇಲೆ ಮೇಲೆ ಹತ್ತಿ ಕೀಳುವುದು ಯಾರಿಗೂ ನೆನಪಾಗಲಿಲ್ಲ. ಯಾರಾದರೂ ಕಂಡರೆ ಅದನ್ನು ತಕ್ಷಣ ಕೀಳುತ್ತಾರೆ. ಅವನು ಹುಲ್ಲು ಕಿತ್ತು ಅದರ ಮುಂದೆ ಮರೆ ಮಾಡಿ ಬಂದ.

ದೇವರನ್ನೇ ಕೇಳಿಬಿಡೋಣ ಎಂದುಕೊಂಡ. ಮೋಡ ಬಿಡಲಿ ಅಂತ ಜನರೂ ಕೇಳಿಸಬೇಕೆಂದಿದ್ದರು. ದೇವರಂಗಳದಲ್ಲಿ ಧೂಪ ಹಾಕಿದರು, ಡೋಲು ಎದ್ದಿತು. ಚೆಬೆರಾಮ ಟೋಪಿ ತೆಗೆದು ಕೂದಲು ಬಿಚ್ಚಿ ಕೂತ. ಬಾ, ಬಂದು ನೀನೇ ಹೇಳು, ಆ ಗಿಡ ಬೇಡ ಅನ್ನು, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡು ಎಂದು ಒಳಗೇ ಬೇಡಿಕೊಂಡ. ಡೋಲಿನವರ ಕೈ ಸೋತಿತು. ಅವನ ಮೈಯ ಒಂದು ರೋಮವೂ ಅಲುಗಲಿಲ್ಲ. ಟೋಪಿ ತೆಗೆದು ಕೂತ ಮೇಲೆ ದೇವರು ಬಾರದಿದ್ದದ್ದು ಅವನ ಜನ್ಮದಲ್ಲಿ ಅದೇ ಮೊದಲು. ನಟಿಸಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಭುಜ ಅಲುಗಿಸಲು ನೋಡಿದ, ನಾಚಿಕೆಯಾಯಿತು.

ನೂಪರಾಮ ಬಹಳ ಹೊತ್ತು ಕಾದು ಟೋಪಿ ಅವನ ತಲೆಗಿಟ್ಟ. ಇಡುವಾಗ ಅವನ ಮುಖವನ್ನೇ ನೋಡಿದ. "ಹೇಳೋದು ಏನೂ ಇಲ್ಲ ಅಂತಾಯ್ತು," ಎಂದು ಜನರಿಗೆ ಕೇಳಿಸುವಂತೆ ಹೇಳಿದ. "ಎಲ್ಲ ಸರಿ ಇದೆ ಅಂತ ಅರ್ಥ."

ಮಾರನೇ ಬೆಳಿಗ್ಗೆ ಚೆಬೆರಾಮ ಕಣ್ಣು ಬಿಟ್ಟಾಗ ಕಿಂಡಿಯಲ್ಲಿ ನೀಲಿ ಕಂಡಿತು. ಹೊರಗೆ ಬಂದ. ಶಿಖರದ ಅಂಚಿನವರೆಗೂ ಎಲ್ಲ ನಿಚ್ಚಳ. ಮಾಡಿನ ಮೇಲೆಲ್ಲ ಜನ ಬಟ್ಟೆ ಹರವುತ್ತ ಒಬ್ಬರನ್ನೊಬ್ಬರು ಕೂಗುತ್ತಿದ್ದರು. ಇವತ್ತು ಧೂಳು ಹಾರುತ್ತದೆ. ಖಿಮಿ ಮನೆಯಲ್ಲಿರಲಿಲ್ಲ. ಗೂಟದಲ್ಲಿದ್ದ ಅವಳ ದೊಡ್ಡ ಕಂಬಳಿಯೂ ಇರಲಿಲ್ಲ.

ಅವಳು ಹೊಲದಲ್ಲಿದ್ದಳು. ತೊರೆಯಲ್ಲಿ ಅದ್ದಿದ ಕಂಬಳಿಯನ್ನು ಕೆಳಮೂಲೆಯ ಗಿಡಕ್ಕೆ ಹೊದಿಸಿ ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದಳು. ಕಂಬಳಿಯಿಂದ ನೀರು ಅವಳ ಕಾಲ ಮೇಲೆ ಸುರಿಯುತ್ತಿತ್ತು. ತುದಿಯ ಎಲೆಗಳ ಮೇಲೆ ಆಗಲೇ ಹಳದಿ ಧೂಳು ಚೂರು ಕೂತಿತ್ತು.

"ಮುಟ್ಟಿದ್ದು ನಾನು," ಎಂದಳು. "ನೀವು ಹೋಗಿ ಮನೆಗೆ. ಹೆಂಗಸಿಗೆ ಬುದ್ಧಿ ಇಲ್ಲ ಅಂತ ಹೇಳಿದ್ರೆ ಆಯ್ತು."

"ನಿನ್ನನ್ನ ದೊಡ್ಡಿಗೆ ಕಳಿಸಿ ನಾನು ಸಿಡ್ಡು ತಿನ್ಕೊಂಡು ಕೂರಲಾ? ಸರಿ ಆಚೆ."

ಅವನು ಬಗ್ಗಿ ದಾರದ ಗಂಟಿಗೆ ಕೈ ಹಾಕಿದ. ತಾನೇ ಹಾಕಿದ ಗಂಟು, ಹೇಗೆ ಹಾಕಿದ್ದೆಂದು ಬೆರಳಿಗೆ ಗೊತ್ತಿರಲಿಲ್ಲ. ಹಲ್ಲಿನಿಂದ ಕಚ್ಚಿ ಸಡಿಲಿಸಿದ. ಬಗ್ಗಿದಾಗ ಟೋಪಿ ಬಿತ್ತು, ಎತ್ತಿಕೊಳ್ಳಲಿಲ್ಲ. ಆಮೇಲೆ ಕಾಂಡ ಹಿಡಿದು ಜಗ್ಗಿದ. ಬೇರು ಬಿಡಲಿಲ್ಲ. ನಾರು ಸಿಬಿರೆದ್ದು ಅಂಗೈ ಸೀಳಿತು. ಖಿಮಿಯೂ ಕಂಬಳಿಯ ಸಮೇತ ಜಗ್ಗಿದಳು. ಬುಡದ ಮಣ್ಣು ಬಾಯಿಬಿಟ್ಟು ಗಿಡ ಒಮ್ಮೆಗೇ ಬಂತು, ಇಬ್ಬರೂ ಕುಕ್ಕರಿಸಿ ಬಿದ್ದರು. ಅವಳು ಎದ್ದವಳೇ ಅದನ್ನು ಒದ್ದೆ ಕಂಬಳಿಯಲ್ಲಿ ಹೆಣದಂತೆ ಸುತ್ತಿ ಮೇಲೆ ಕಲ್ಲು ಹೇರಿದಳು.

ಅವನು ದಾರ ಹಿಡಿದು ಮೇಲ್ಮೂಲೆಗೆ ಹತ್ತಿದ. ಒಂದೊಂದು ಹೆಜ್ಜೆಗೂ ಮಂಡಿಯೊಳಗೆ ಮೊಳೆ ಹೊಡೆದಂತಾಗುತ್ತಿತ್ತು. ಈಗಲಾದರೂ ಬರುತ್ತಾನೇನೋ, ನೋವು ಹೋಗುತ್ತದೇನೋ ಎಂದು ಕಾಯುತ್ತಲೇ ಹತ್ತಿದ. ಹೋಗಲಿಲ್ಲ. ಬಂಡೆಯ ಬಳಿ ಹುಲ್ಲು ಸರಿಸಿ, ಆ ಸಣ್ಣ ಗಿಡಕ್ಕೆ ದಾರ ಕಟ್ಟಿದ. ಈ ಗಂಟು ಹೇಗೆ ಹಾಕಿದೆನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇಳಿದು ಬಂದಾಗ ಕೆಳಮೂಲೆಯ ಗುಂಡಿಯ ಪಕ್ಕ ನೂಪರಾಮ ನಿಂತಿದ್ದ. ಹಿಂದೆ ಡೋಲಿನವರಿಬ್ಬರು. ಬಿಸಿಲು ಬಂತೆಂದು ದೇವರಿಗೆ ಹೂವು ಏರಿಸಲು ಬಂದಿದ್ದರು. ನೂಪರಾಮನ ಕೈಯಲ್ಲಿ ಟೋಪಿ ಇತ್ತು. ಅವನು ಗುಂಡಿ ನೋಡಿದ, ಕಂಬಳಿ ನೋಡಿದ, ಬಿಚ್ಚಿಹೋಗಿದ್ದ ಕೂದಲು ನೋಡಿದ.

"ಚೆಬೆ," ಎಂದ, ಮೆತ್ತಗೆ. "ನೀನು ಮೇಲೆ ಹತ್ತಿದ್ದು ದೂರದಿಂದ ಕಂಡೆ. ಕೂದಲು ಬಿಚ್ಚಿತ್ತು. ಬಂದಿದ್ದನೇನು ಅವನು?"

ಮುದುಕ ನೂಪರಾಮ ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಟ್ಟು ಕೇಳುತ್ತಿದ್ದ. ಹೂಂ ಎಂದರೆ ಸಾಕಿತ್ತು, ಟೋಪಿ ತಲೆಗೆ ಬರುತ್ತಿತ್ತು. ಆದರೆ ಕಟ್ಟಿದ್ದನ್ನು ತಾನೇ ಕಿತ್ತ ದೇವರ ದಾರವನ್ನು ನಾಳೆ ಯಾರು ನಂಬುತ್ತಾರೆ? ಎಲ್ಲ ನಾನೇ ಮಾಡಿದ್ದು ಎಂದರೆ ಮೇಲಿನ ಗಿಡವೂ ಬರೀ ಗಂಡುಗಿಡವಾಗುತ್ತದೆ, ಮಧ್ಯಾಹ್ನದೊಳಗೆ ಕಿತ್ತು ಎಸೆಯುತ್ತಾರೆ. ಚೆಬೆರಾಮ ರಕ್ತ ಸುರಿಯುವ ಅಂಗೈಯನ್ನು ಒರೆಸಿಕೊಂಡ.

"ಕಿತ್ತದ್ದು ನಾನು," ಎಂದ. "ನನ್ನ ಬುದ್ಧಿಯಿಂದಲೇ ಕಿತ್ತೆ. ಮೇಲಿನದಕ್ಕೆ ದಾರ ಕಟ್ಟಿದ್ದು ಅವನು. ಮೇಲೆ ಹತ್ತುವಾಗ ಬಂದ."

"ಆಣೆ?"

"ಅವನಾಣೆ."

ಡೋಲಿನವರು ಒಂದು ಹೆಜ್ಜೆ ಹಿಂದೆ ಸರಿದರು. ನೂಪರಾಮ ಬಹಳ ಹೊತ್ತು ಮೇಲ್ಮೂಲೆಯ ಕಡೆ ನೋಡಿದ. ಅಲ್ಲಿ ಬಂಡೆಯ ಬುಡದಲ್ಲಿ ಕೆಂಪು ಚೂರು ಕಾಣುತ್ತಿತ್ತು. ಅತ್ತ ಕೈಮುಗಿದ. ಡೋಲಿನವರೂ ಮುಗಿದರು.

"ಹಾಗಾದ್ರೆ ಅದನ್ನ ಯಾರೂ ಮುಟ್ಟಲ್ಲ," ಎಂದ. ಟೋಪಿಯನ್ನು ವಾಪಸು ಕೊಡದೆ ಮಡಚಿ ತನ್ನ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು ಇಳಿಜಾರು ಇಳಿದು ಹೋದ.

ಸ್ವಲ್ಪ ಹೊತ್ತಿಗೆ ಕೆಳಗೆ ದೇವರಂಗಳದಿಂದ ಡೋಲು ಕೇಳಿಸಿತು, ಊರನ್ನು ಕೂಡಿಸುವ ಬಡಿತ. ಮಾಡಿನ ಮೇಲೆ ಬಟ್ಟೆ ಹರವುತ್ತಿದ್ದವರು ಒಬ್ಬೊಬ್ಬರೇ ಇಳಿಯತೊಡಗಿದರು. ಖಿಮಿ ಬಂದು ಗಂಡನ ಪಕ್ಕ ಬದುವಿನ ಮೇಲೆ ಕೂತಳು. ಅವನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಮಣ್ಣನ್ನೂ ಎಲೆಚೂರನ್ನೂ ಬೆರಳಿನಿಂದ ಬಿಡಿಸಿ ಹಿಂದಕ್ಕೆ ಬಾಚಿದಳು. ತುದಿಗೆ ಗಂಟು ಹಾಕಲು ಹೋದವಳು ಹಾಕದೆ ಬಿಟ್ಟಳು.

ಬಿಸಿಲು ಮೇಲ್ಮೂಲೆ ಮುಟ್ಟಿತು. ಬಂಡೆಯ ಕಡೆಯಿಂದ ಸಣ್ಣ ಗಾಳಿ ಎದ್ದು, ಹೊಲದ ಹೆಣ್ಣುಗಿಡಗಳೆಲ್ಲ ಒಮ್ಮೆ ತಲೆ ಅಲುಗಿಸಿದವು.